13 ವರ್ಷದ ಆಡಿ ಟಿಟಿಯನ್ನು ದಾವಣಗೆರೆಯಿಂದ ಮಾರಿದ್ದು

ಮೊದಲು ಬಂದ ಬ್ರೋಕರ್ ಜೇಬಿನಿಂದ ಆಯಸ್ಕಾಂತ ತೆಗೆದರು. ಬಾಗಿಲಿಗೆ ಇಟ್ಟರು, ಟಕ್ ಅಂತ ಅಂಟಿತು. ಮುಂದಿನ ಮಡ್‌ಗಾರ್ಡ್‌ಗೆ ಇಟ್ಟರು, ಜಾರಿ ಬಿತ್ತು. ಬಾನೆಟ್ ಮೇಲೂ ಅಂಟಲಿಲ್ಲ. "ಮುಂದೆ ಪೂರ್ತಿ ಪುಟ್ಟಿ ಐತಲ್ರೀ ಅಣ್ಣಾ. ದೊಡ್ಡ ಆ್ಯಕ್ಸಿಡೆಂಟ್ ಆಗಿರಬೇಕು. ಆರು ಲಕ್ಷಕ್ಕಾದ್ರೆ ಹೇಳ್ರಿ" ಅಂದರು.

ನನಗೆ ತುಂಬಾ ನೋವಾಯಿತು. ಟಿಟಿ ಅಂದರೆ ಆಡಿಯ ಸ್ಪೋರ್ಟ್ಸ್ ಕಾರು. ಎರಡನೇ ತಲೆಮಾರಿನ ಟಿಟಿಯ ಬಾಡಿಯಲ್ಲಿ ಮೂರನೇ ಎರಡು ಪಾಲಿಗಿಂತ ಸ್ವಲ್ಪ ಜಾಸ್ತಿಯೇ ಅಲ್ಯೂಮಿನಿಯಂ, ಅದಕ್ಕೆ ಆಯಸ್ಕಾಂತ ಅಂಟುವುದಿಲ್ಲ. ಬಾಗಿಲು, ಡಿಕ್ಕಿಯ ಮುಚ್ಚಳ, ಹಿಂಭಾಗದ ತಳ ಸ್ಟೀಲ್. ಎಂಜಿನ್ ಭಾರವೆಲ್ಲ ಮುಂದಿರುವುದರಿಂದ ಹಿಂದೆ ಸ್ಟೀಲ್ ಬಳಸಿ ತೂಕ ಹೊಂದಿಸಿದ್ದಾರೆ. ಇದನ್ನೆಲ್ಲ ಬಿಡಿಸಿ ಹೇಳಿದೆ. ಅವರು ನಂಬಲಿಲ್ಲ. ಅವರು ಹೋದ ಮೇಲೆ ಕೂತು ಯೋಚಿಸಿದೆ. ನಾನು ಬಾಯಲ್ಲಿ ಎಷ್ಟು ಹೇಳಿದರೂ ಸಾಲದು, ಪ್ರತಿಯೊಂದಕ್ಕೂ ದಾಖಲೆ ಇರಬೇಕು. ಮತ್ತೆ ಈ ಗಾಡಿ ಗೊತ್ತಿರುವವರು ಸಿಗುವವರೆಗೆ ಕಾಯಬೇಕು.

ನನ್ನದು ಎಪಿಎಂಸಿಯಲ್ಲಿ ಮೆಕ್ಕೆಜೋಳದ ವ್ಯಾಪಾರ. 2011ರ ಈ ಗಾಡಿಯನ್ನು 2016ರಲ್ಲಿ ಎರಡನೇ ಓನರ್ ಆಗಿ ತಗೊಂಡಿದ್ದೆ. 2 ಲೀಟರ್ ಟರ್ಬೊ ಪೆಟ್ರೋಲ್, ಕ್ವಾಟ್ರೊ, ಅಂದರೆ ನಾಲ್ಕೂ ಚಕ್ರಕ್ಕೆ ಎಳೆತ. ವಾರವೆಲ್ಲ ಚೀಲ, ಧೂಳು, ಲಾರಿ ಲೋಡು. ಭಾನುವಾರ ಬೆಳಿಗ್ಗೆ ಮಾತ್ರ ಹೈವೇ ಹಿಡಿದು ಚಿತ್ರದುರ್ಗದವರೆಗೆ ಹೋಗಿ ಬರುತ್ತಿದ್ದೆ. ಅಪ್ಪನಿಗೆ ಮೊಣಕಾಲು ನೋವು ಜಾಸ್ತಿಯಾಗಿ ಅಷ್ಟು ತಗ್ಗಿನ ಸೀಟಿನಲ್ಲಿ ಕೂತು ಏಳಲು ಆಗುತ್ತಿರಲಿಲ್ಲ. ಮನೆ ಮುಂದೆ ಜಾಗ ಇರುವುದು ಒಂದೇ ಗಾಡಿಗೆ. ಹಾಗಾಗಿ 2024ರಲ್ಲಿ ಮಾರುವ ನಿರ್ಧಾರ ಮಾಡಿದೆ. ಆಗ 58 ಸಾವಿರ ಕಿಲೋಮೀಟರ್ ಓಡಿತ್ತು.

ಬಿಲ್ಲುಗಳನ್ನೆಲ್ಲ ತಾರೀಖಿನ ಪ್ರಕಾರ ಒಂದು ಫೈಲಿಗೆ ಹಾಕಿದೆ. ಅದರಲ್ಲಿ ಎರಡಕ್ಕೆ ಬೆಲೆ ಜಾಸ್ತಿ. ಒಂದು, ಗೇರ್‌ಬಾಕ್ಸ್ ಆಯಿಲ್. ಈ ಆರು ಗೇರಿನ ಡಬಲ್ ಕ್ಲಚ್ ಗೇರ್‌ಬಾಕ್ಸಿಗೆ 60 ಸಾವಿರ ಕಿಲೋಮೀಟರಿಗೊಮ್ಮೆ ಆಯಿಲ್, ಫಿಲ್ಟರ್ ಬದಲಿಸಬೇಕು. ನಾನು 52 ಸಾವಿರಕ್ಕೇ ಮಾಡಿಸಿದ್ದೆ. ಇನ್ನೊಂದು, ಎಂಜಿನ್ನಿನೊಳಗಿನ ಟೈಮಿಂಗ್ ಚೈನನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್. ಆ ಕಾಲದ ಈ ಎಂಜಿನ್ನುಗಳಲ್ಲಿ ಬಂದ ಹಳೇ ಮಾದರಿಯ ಟೆನ್ಷನರ್ ಕೈಕೊಟ್ಟರೆ ಚೈನ್ ಹಲ್ಲು ತಪ್ಪಿ, ವಾಲ್ವ್ ಹೋಗಿ ಪಿಸ್ಟನ್ನಿಗೆ ಬಡಿಯುತ್ತದೆ. ಎಂಜಿನ್ ಬಿಚ್ಚಲೇಬೇಕಾಗುತ್ತದೆ. 2019ರಲ್ಲೇ ಸುಧಾರಿಸಿದ ಮಾದರಿ ಹಾಕಿಸಿದ್ದೆ. ಬಿಚ್ಚಿದ ಹಳೇ ಪಾರ್ಟನ್ನು ಬಿಲ್ ಜೊತೆ ಡಬ್ಬಿಯಲ್ಲಿ ಇಟ್ಟಿದ್ದೆ. ಎಸಿ ಕಂಪ್ರೆಸರ್ ಹಾಕಿದ ಒಂದು ಗ್ಯಾರೇಜಿನವರು ಮಾತ್ರ ಆಗ ಬರೀ ಮೊತ್ತ ಬರೆದ ಚೀಟಿ ಕೊಟ್ಟಿದ್ದರು. ಮೂರು ಸಲ ಹೋಗಿ ಕೇಳಿದ ಮೇಲೆ ಪಾರ್ಟ್ ನಂಬರ್ ಇರುವ ಬಿಲ್ ಸಿಕ್ಕಿತು. ಕೆಲಸ ಮಾಡಿಸಿದ ದಿನವೇ ಕೇಳಿ ತಗೊಳ್ಳಿ.

ಮುಂದಿನ ಬಂಪರ್ ಕೆಳಗೆ ಹಂಪ್ ತಾಗಿ ಗೀರಾಗಿತ್ತು. "ಪೇಂಟ್ ಹೊಡೆಸಿಬಿಡಿ, ರೇಟ್ ಬರುತ್ತೆ" ಅಂತ ಹಲವರು ಹೇಳಿದರು. ನಾನು ಮುಟ್ಟಲಿಲ್ಲ. ಮಾರುವ ಮುಂಚೆ ಹೊಡೆಸಿದ ಹೊಸ ಪೇಂಟ್ ನೋಡಿದರೆ ಯಾರಿಗಾದರೂ ಅನುಮಾನ ಬರುತ್ತದೆ, ಅಲ್ವಾ? ಕುಂದವಾಡ ಕೆರೆ ಹತ್ತಿರ ಬೆಳಗಿನ ಎಳೆ ಬಿಸಿಲಲ್ಲಿ ಫೋಟೊ ತೆಗೆದೆ. ಗೀರು, ಅಲಾಯ್ ಮೇಲಿನ ಉಜ್ಜು, ಟೈರಿನ ಮೇಲಿರುವ ನಾಲ್ಕಂಕಿಯ ತಾರೀಖು, ಎಲ್ಲದರ ಫೋಟೊ ಹಾಕಿದೆ. ಆ ಅಂಕಿಯಲ್ಲಿ ಮೊದಲ ಎರಡಂಕಿ ತಯಾರಾದ ವಾರ, ಕೊನೆಯ ಎರಡಂಕಿ ವರ್ಷ. ನನ್ನವು 3218.

ಫೋನ್ ತುಂಬಾ ಬಂದವು. ಸುಮ್ನೆ ಒಂದು ರೌಂಡ್ ಹೊಡೆಯಬೇಕು ಅನ್ನುವವರೇ ಜಾಸ್ತಿ. ಲೈಸೆನ್ಸ್ ಫೋಟೊ ಕಳಿಸಿ, ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಬನ್ನಿ ಅಂತ ಎಲ್ಲರಿಗೂ ಹೇಳಿದೆ. ಚೈನ್ ಸಡಿಲವಾಗಿದ್ದರೆ ಆ ಗಲಗಲ ಸದ್ದು ಮೊದಲ ಸ್ಟಾರ್ಟಿನಲ್ಲೇ ಚೆನ್ನಾಗಿ ಕೇಳುವುದು. ಬಿಸಿ ಮಾಡಿಟ್ಟ ಗಾಡಿ ತೋರಿಸುವುದು ನನಗೆ ಸರಿ ಅನ್ನಿಸುವುದಿಲ್ಲ.

ಎರಡು ತಿಂಗಳ ನಂತರ ಹುಬ್ಬಳ್ಳಿಯ ಡಾಕ್ಟರೊಬ್ಬರು ಮೆಕ್ಯಾನಿಕ್ ಕರಕೊಂಡು ಬಂದರು. ಮೆಕ್ಯಾನಿಕ್ ತಂದ ಮೀಟರ್ ಅಲ್ಯೂಮಿನಿಯಂ ಮೇಲೂ ಪೇಂಟಿನ ದಪ್ಪ ಅಳೆಯುತ್ತಿತ್ತು. ಬಾನೆಟ್, ಮಡ್‌ಗಾರ್ಡ್, ಬಾಗಿಲು, ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಅಳತೆ. ಲ್ಯಾಪ್‌ಟಾಪ್ ಹಾಕಿ ಸ್ಕ್ಯಾನ್ ಮಾಡಿದರು. ಬ್ಯಾಟರಿ ಬದಲಿಸಿದ ಸಮಯದ ಒಂದು ದೋಷದ ಕೋಡ್ ಬಿಟ್ಟರೆ ಏನೂ ಇರಲಿಲ್ಲ. ಆಮೇಲೆ ಆ ಡಬ್ಬಿ ತೆಗೆದು ಹಳೇ ಟೆನ್ಷನರ್ ತೋರಿಸಿದೆ. ಮೆಕ್ಯಾನಿಕ್ ಅದನ್ನು ತಿರುಗಿಸಿ ನೋಡಿ, "ತಗೋರಿ ಸರ್" ಅಂದರು. ನನಗೆ ಆಗ ಆದ ಸಮಾಧಾನ ಅಷ್ಟಿಷ್ಟಲ್ಲ.

ಬೆಣ್ಣೆ ದೋಸೆ ತಿನ್ನುತ್ತಾ ರೇಟ್ ಮಾತಾಡಿದೆವು. ನಾನು ಕೇಳಿದ್ದು 16.5 ಲಕ್ಷ. ಟೈರ್ ಹಳೆಯವು, ಆರ್‌ಸಿ 2026ಕ್ಕೆ ಮುಗಿಯುತ್ತದೆ, ಮತ್ತೆ ರಿನ್ಯೂವಲ್ ಆಗಬೇಕು ಅಂದರು. ಎರಡೂ ನಿಜವೇ. 15.25ಕ್ಕೆ ಒಪ್ಪಿದೆ.

ಹಣ ಆರ್‌ಟಿಜಿಎಸ್‌ನಲ್ಲಿ ನನ್ನ ಖಾತೆಗೆ ಬಂದ ಮೇಲೆ ಕೀ ಕೊಟ್ಟೆ. ಗಾಡಿ ಕೊಟ್ಟ ತಾರೀಖು, ಗಂಟೆ, ಓಡಿದ ಕಿಲೋಮೀಟರ್ ಬರೆದು ಇಬ್ಬರೂ ಸಹಿ ಹಾಕಿದೆವು. ಆರ್‌ಸಿಯಲ್ಲಿ ಹೆಸರು ಬದಲಿಸುವ ಫಾರಂ 29, 30ಕ್ಕೆ ಸಹಿ ಮಾಡಿದ್ದಷ್ಟೇ ಅಲ್ಲ, ಅರ್ಜಿ ಹೋಗುವವರೆಗೆ ಬೆನ್ನು ಬಿಡಲಿಲ್ಲ. ಆರ್‌ಸಿಯಲ್ಲಿ ಹೆಸರು ಯಾರದೋ ಅಪಘಾತದ ಪರಿಹಾರಕ್ಕೆ ಅವರೇ ಹೊಣೆ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಫಾಸ್ಟ್ಯಾಗ್ ಅವತ್ತೇ ಬಂದ್ ಮಾಡಿಸಿದೆ. ಇನ್ಶೂರೆನ್ಸ್ ಡಾಕ್ಟರ ಹೆಸರಿಗೆ ಹೋಯಿತು. ಕ್ಲೇಮ್ ಮಾಡದೆ ಇದ್ದದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್, ನಮ್ಮದೇ, ಗಾಡಿ ಜೊತೆ ಹೋಗುವುದಿಲ್ಲ. ಅದರ ಪತ್ರ ಕೇಳಿ ತಗೊಂಡು ಅಪ್ಪನಿಗಾಗಿ ತಗೊಂಡ ಹೊಸ ಗಾಡಿಗೆ ಬಳಸಿದೆ.

ಫೈಲನ್ನೂ ಡಬ್ಬಿಯನ್ನೂ ಡಾಕ್ಟರಿಗೇ ಕೊಟ್ಟೆ. ಮೂರು ವಾರಕ್ಕೆ ಆರ್‌ಸಿ ಅವರ ಹೆಸರಿಗಾಯಿತು. ಮೊನ್ನೆ ಅವರು ಒಂದು ಫೋಟೊ ಕಳಿಸಿದ್ದರು. ಹೊಸ ನಾಲ್ಕು ಟೈರಿನ ಬಿಲ್, ನನ್ನ ಕೊನೆಯ ಬಿಲ್ಲಿನ ಹಿಂದೆಯೇ ಪಂಚ್ ಮಾಡಿ ಸೇರಿಸಿದ್ದರು.