ಪ್ಲಾನ್‌ನ ಪೂರ್ತಿ ಸ್ಪೀಡ್ ವೈಫೈನಲ್ಲೂ ಬೇಕೆ? ಮೊದಲು ಕೇಬಲ್ ಹಾಕಿ ನೋಡಿ

300 ಎಂಬಿಪಿಎಸ್ ಪ್ಲಾನ್‌ಗೆ ದುಡ್ಡು ಕಟ್ಟಿರುತ್ತೀರಿ. ಮೊಬೈಲ್‌ನಲ್ಲಿ ಸ್ಪೀಡ್ ಟೆಸ್ಟ್ ಮಾಡಿದರೆ 45 ಬರುತ್ತದೆ. ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿದರೆ ‘ಲೈನ್ ಸರಿಯಾಗಿಯೇ ಇದೆ’ ಎನ್ನುತ್ತಾರೆ. ಎಷ್ಟೋ ಸಲ ಆ ಮಾತು ನಿಜವೇ ಆಗಿರುತ್ತದೆ. ಮನೆಯ ಬಾಗಿಲವರೆಗೆ ಬಂದ ಸ್ಪೀಡ್ ಒಳಗೆ ಎಲ್ಲೋ ಒಂದು ಕಡೆ ಸೋರಿಹೋಗುತ್ತಿರುತ್ತದೆ. ಅದು ಎಲ್ಲಿ ಎಂದು ಗೊತ್ತಾಗುವ ತನಕ ಹೊಸ ರೂಟರ್ ಕೊಳ್ಳಬೇಡಿ. ಹುಡುಕುವುದಕ್ಕೆ ಒಂದು ಲ್ಯಾಪ್‌ಟಾಪ್, ಒಂದು ಒಳ್ಳೆಯ ಲ್ಯಾನ್ ಕೇಬಲ್, ಸ್ವಲ್ಪ ತಾಳ್ಮೆ ಇದ್ದರೆ ಸಾಕು.

ಶುರು ಮಾಡುವ ಮೊದಲು ಒಂದು ಲೆಕ್ಕ. ಪ್ಲಾನ್‌ನ ಸ್ಪೀಡ್ ಮೆಗಾಬಿಟ್‌ನಲ್ಲಿರುತ್ತದೆ. ಫೈಲ್ ಡೌನ್‌ಲೋಡ್ ಆಗುವಾಗ ಕಾಣುವ ಅಂಕಿ ಸಾಮಾನ್ಯವಾಗಿ ಮೆಗಾಬೈಟ್‌ನಲ್ಲಿರುತ್ತದೆ. 8 ಬಿಟ್ ಸೇರಿದರೆ 1 ಬೈಟ್. ಹಾಗಾಗಿ 300 ಎಂಬಿಪಿಎಸ್ ಲೈನ್‌ನಲ್ಲಿ ಸೆಕೆಂಡಿಗೆ 37 ಎಂಬಿ ಇಳಿಯುತ್ತಿದ್ದರೆ ನಿಮಗೆ ಪೂರ್ತಿ ಸ್ಪೀಡ್ ಸಿಗುತ್ತಿದೆ ಎಂದೇ ಅರ್ಥ.

ಕೇಬಲ್‌ನಲ್ಲಿ ಎಷ್ಟು ಬರುತ್ತದೆ?

ಲ್ಯಾಪ್‌ಟಾಪ್‌ನ ವೈಫೈ ಆಫ್ ಮಾಡಿ, ಲ್ಯಾನ್ ಕೇಬಲ್‌ನಿಂದ ನೇರವಾಗಿ ರೂಟರ್‌ಗೆ ಜೋಡಿಸಿ. ವಿಪಿಎನ್ ಇದ್ದರೆ ನಿಲ್ಲಿಸಿ. ಮನೆಯ ಬೇರೆ ಡೌನ್‌ಲೋಡ್, ವಿಡಿಯೊಗಳನ್ನೂ ಸ್ವಲ್ಪ ಹೊತ್ತು ನಿಲ್ಲಿಸಿ. ಈಗ ಸ್ಪೀಡ್ ಟೆಸ್ಟ್ ಮಾಡಿ. ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ ನೋಡಿದರೆ ಒಳ್ಳೆಯದು. ರಾತ್ರಿ ಮಾತ್ರ ಕಡಿಮೆ ಬರುತ್ತಿದ್ದರೆ ಆ ಹೊತ್ತಿಗೆ ಕಂಪನಿಯ ಲೈನ್ ಮೇಲೆ ಜನ ಜಾಸ್ತಿ ಇರುವ ಸಾಧ್ಯತೆ ಇದೆ. ಅದಕ್ಕೆ ಮನೆಯೊಳಗೆ ಮದ್ದಿಲ್ಲ.

ಪ್ಲಾನ್‌ನಷ್ಟೇ ಸ್ಪೀಡ್ ಬಂದರೆ ಲೈನ್ ಸರಿಯಿದೆ, ತೊಂದರೆ ವೈಫೈನಲ್ಲಿದೆ. ಆದರೆ ಪ್ಲಾನ್ ದೊಡ್ಡದಿದ್ದೂ ಟೆಸ್ಟ್‌ನಲ್ಲಿ 94 ಅಥವಾ 95ಕ್ಕೆ ಬಂದು ನಿಂತುಬಿಟ್ಟರೆ? ನಿಮ್ಮ ತೊಂದರೆ ಅಲ್ಲೇ ಸಿಕ್ಕಿಬಿಟ್ಟಿತು ಎನ್ನಬಹುದು. ದಾರಿಯಲ್ಲಿ ಎಲ್ಲೋ ಒಂದು ಕಡೆ 100 ಎಂಬಿಪಿಎಸ್ ಮಿತಿ ಇದೆ. ಅದರಲ್ಲಿ ಸ್ವಲ್ಪ ಭಾಗ ಡೇಟಾ ಸಾಗಿಸುವ ವ್ಯವಸ್ಥೆಗೇ ಹೋಗುವುದರಿಂದ ಕೈಗೆ ಸಿಗುವುದು 94-95.

ಈ ಮಿತಿಗೆ ಕಾರಣ ಸಾಮಾನ್ಯವಾಗಿ ಎರಡು. ಒಂದು, ರೂಟರ್‌ನ ಅಥವಾ ಲ್ಯಾಪ್‌ಟಾಪ್‌ನ ಪೋರ್ಟ್ ಇರುವುದೇ 100ಕ್ಕೆ, ಗಿಗಾಬಿಟ್‌ದಲ್ಲ (ಅಂದರೆ 1000 ಎಂಬಿಪಿಎಸ್‌ದಲ್ಲ). ಅಗ್ಗದ ರೂಟರ್‌ಗಳಲ್ಲಿ ಇದು ತುಂಬಾ ಸಾಮಾನ್ಯ. ಇನ್ನೊಂದು, ಕೇಬಲ್. ಗಿಗಾಬಿಟ್ ಓಡಬೇಕಾದರೆ ಕೇಬಲ್ ಒಳಗಿನ 8 ತಂತಿಗಳೂ ಸರಿಯಿರಬೇಕು. ಒಂದು ತುಂಡಾಗಿದ್ದರೂ, ಪಿನ್ ಸರಿಯಾಗಿ ಕೂತಿರದಿದ್ದರೂ ಎರಡೂ ಕಡೆಯ ಯಂತ್ರಗಳು ಬಹಳ ಸಲ ತಮ್ಮಷ್ಟಕ್ಕೆ 100ಕ್ಕೆ ಇಳಿದುಬಿಡುತ್ತವೆ. ಯಾವ ಎಚ್ಚರಿಕೆಯೂ ಕಾಣಿಸುವುದಿಲ್ಲ. ಕೇಬಲ್ ಮೈಮೇಲೆ ಕ್ಯಾಟ್ 5ಇ ಅಥವಾ ಕ್ಯಾಟ್ 6 ಎಂದು ಅಚ್ಚಾಗಿದೆಯೇ ನೋಡಿ. ಲ್ಯಾಪ್‌ಟಾಪ್‌ನ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಲಿಂಕ್ ಸ್ಪೀಡ್ (ಎರಡು ಸಾಧನಗಳು ತಮ್ಮ ನಡುವೆ ಒಪ್ಪಿಕೊಂಡ ವೇಗ) 1000 ಇದೆಯೋ 100 ಇದೆಯೋ ಅದನ್ನೂ ನೋಡಿ. ಅಲ್ಲಿ 1000 ಇದ್ದೂ ಟೆಸ್ಟ್ 95 ದಾಟದಿದ್ದರೆ ಮೋಡೆಮ್‌ನಿಂದ ರೂಟರ್‌ಗೆ ಬರುವ ಪುಟ್ಟ ಕೇಬಲ್ ಬದಲಿಸಿ. ಅದನ್ನು ಎಲ್ಲರೂ ಮರೆಯುತ್ತಾರೆ.

ಕೇಬಲ್, ಪೋರ್ಟ್ ಎಲ್ಲ ಸರಿಯಿದ್ದೂ ಸ್ಪೀಡ್ ಕಡಿಮೆಯೇ ಇದ್ದರೆ ರೂಟರ್‌ನ ಸೆಟ್ಟಿಂಗ್ಸ್ ತೆರೆಯಿರಿ. ಅದರ ವಿಳಾಸ ಮತ್ತು ಪಾಸ್‌ವರ್ಡ್ ಸಾಮಾನ್ಯವಾಗಿ ರೂಟರ್ ಅಡಿಯ ಸ್ಟಿಕರ್ ಮೇಲಿರುತ್ತದೆ. ಯಾವ ಡೇಟಾಗೆ ಮೊದಲ ಸರದಿ ಎಂದು ನಿರ್ಧರಿಸುವ ಕ್ಯೂಒಎಸ್ ಎಂಬ ಸೌಲಭ್ಯ ಆನ್ ಇದ್ದರೆ ಆಫ್ ಮಾಡಿ ನೋಡಿ. ಕೆಲವು ರೂಟರ್‌ಗಳಲ್ಲಿ ಕ್ಯೂಒಎಸ್, ಟ್ರಾಫಿಕ್ ಲೆಕ್ಕ, ಪೇರೆಂಟಲ್ ಕಂಟ್ರೋಲ್ ಆನ್ ಆದರೆ ಪ್ರತಿಯೊಂದು ಪ್ಯಾಕೆಟ್ಟನ್ನೂ ಅದರ ಸಣ್ಣ ಪ್ರೊಸೆಸರ್ರೇ ನೋಡಬೇಕಾಗುತ್ತದೆ, ಸ್ಪೀಡ್ ಬೀಳುತ್ತದೆ. ಇನ್ನೂ ಒಂದು ಸಾಧ್ಯತೆ ಇದೆ. ಹಳೆಯ 50 ಎಂಬಿಪಿಎಸ್ ಪ್ಲಾನ್ ಇದ್ದಾಗ ಯಾರೋ ಅಲ್ಲಿ 50 ಎಂದು ಮಿತಿ ಹಾಕಿಟ್ಟಿರುತ್ತಾರೆ. ಪ್ಲಾನ್ ದೊಡ್ಡದಾದರೂ ಆ ಅಂಕಿ ಹಾಗೇ ಕೂತಿರುತ್ತದೆ. ಫರ್ಮ್‌ವೇರ್ (ರೂಟರ್ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಬಂದಿದ್ದರೆ ಅದನ್ನೂ ಇದೇ ಸಮಯದಲ್ಲಿ ಹಾಕಿಕೊಳ್ಳಿ.

ಈಗ ವೈಫೈ, ಆದರೆ ರೂಟರ್ ಪಕ್ಕದಲ್ಲೇ ನಿಂತು

ಕೇಬಲ್ ತೆಗೆಯಿರಿ. ರೂಟರ್‌ನಿಂದ 2-3 ಮೀಟರ್ ದೂರದಲ್ಲಿ, ನಡುವೆ ಗೋಡೆಯಿಲ್ಲದ ಕಡೆ ನಿಂತು ವೈಫೈನಲ್ಲಿ ಟೆಸ್ಟ್ ಮಾಡಿ. ಮಲಗುವ ಕೋಣೆಯ ಚಿಂತೆ ಆಮೇಲೆ. ಇಲ್ಲಿಯೇ ಸ್ಪೀಡ್ ಬಾರದಿದ್ದರೆ ಅಲ್ಲಿ ಹೇಗೆ ಬರುತ್ತದೆ, ಅಲ್ವಾ?

ಮೊದಲು ನೋಡಬೇಕಾದದ್ದು ನೀವು ಯಾವ ಬ್ಯಾಂಡ್‌ನಲ್ಲಿದ್ದೀರಿ, ಅಂದರೆ ವೈಫೈ ಯಾವ ತರಂಗಗಳ ಪಟ್ಟಿಯನ್ನು ಬಳಸುತ್ತಿದೆ ಎಂಬುದು. 2.4 ಗಿಗಾಹರ್ಟ್ಸ್ ದೂರ ಹೋಗುತ್ತದೆ, ಗೋಡೆ ದಾಟುತ್ತದೆ. ಆದರೆ ಅದರ ದಾರಿ ಕಿರಿದು. ಎರಡು ಆಂಟೆನಾ ಇರುವ ವೈಫೈ 4 (ಹಳೆಯ ತಲೆಮಾರಿನ ವೈಫೈ) ಸಾಧನಕ್ಕೆ 20 ಮೆಗಾಹರ್ಟ್ಸ್ ಅಗಲದಲ್ಲಿ ಸಿಗುವ ಅತಿ ಹೆಚ್ಚಿನ ಲಿಂಕ್ ಸ್ಪೀಡ್ 144 ಎಂಬಿಪಿಎಸ್. ಕೈಗೆ ಬರುವುದು ಅದರ ಅರ್ಧ, ಹೆಚ್ಚೆಂದರೆ ಮೂರರಲ್ಲಿ ಎರಡು ಭಾಗ. 300ರ ಪ್ಲಾನ್ ಅಲ್ಲಿ ಹಿಡಿಸುವುದೇ ಇಲ್ಲ. 5 ಗಿಗಾಹರ್ಟ್ಸ್‌ನಲ್ಲಿ ಅದೇ ಎರಡು ಆಂಟೆನಾ, ವೈಫೈ 5, 80 ಮೆಗಾಹರ್ಟ್ಸ್ ಅಗಲ ಇದ್ದರೆ ಲಿಂಕ್ ಸ್ಪೀಡ್ 867ಕ್ಕೆ ಏರುತ್ತದೆ.

ಅರ್ಧ ಯಾಕೆ ಹೋಗುತ್ತದೆ? ಒಂದು ಚಾನೆಲ್‌ನಲ್ಲಿ (ಬ್ಯಾಂಡ್‌ನ ಒಂದು ಭಾಗದಲ್ಲಿ) ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು. ಒಂದೇ ಮೈಕ್ ಇರುವ ಸಭೆಯ ಹಾಗೆ. ರೂಟರ್ ಕಳಿಸಬೇಕು, ಫೋನ್ ‘ಸಿಕ್ಕಿತು’ ಎಂದು ಉತ್ತರ ಕೊಡಬೇಕು, ನಡುವೆ ಟಿವಿಗೂ ಸರದಿ ಕೊಡಬೇಕು. ಪಕ್ಕದ ಮನೆಯ ರೂಟರ್ ಅದೇ ಚಾನೆಲ್‌ನಲ್ಲಿದ್ದರೆ ಅದರ ಮಾತು ಮುಗಿಯುವ ತನಕವೂ ಕಾಯಬೇಕು.

ರೂಟರ್ ಡಬ್ಬಿಯ ಮೇಲಿನ ದೊಡ್ಡ ಅಂಕಿಯನ್ನು ನಂಬಿ ಲೆಕ್ಕ ಹಾಕಬೇಡಿ. ಎಸಿ1200 ಎಂದರೆ 2.4ರ 300 ಮತ್ತು 5ರ 867 ಎರಡನ್ನೂ ಕೂಡಿಸಿದ ಅಂಕಿ. ನಿಮ್ಮ ಫೋನ್ ಒಂದು ಹೊತ್ತಿಗೆ ಅವುಗಳಲ್ಲಿ ಒಂದನ್ನೇ ಹಿಡಿಯುತ್ತದೆ. ಅದರ ಮೇಲೆ 300 ಎನ್ನುವುದೂ 40 ಮೆಗಾಹರ್ಟ್ಸ್ ಅಗಲಕ್ಕೆ ಹೇಳಿದ್ದು. ಅಕ್ಕಪಕ್ಕ ಮನೆಗಳಿರುವ ಕಡೆ ಅಷ್ಟು ಅಗಲ ಖಾಲಿ ಸಿಗುವುದು ಅಪರೂಪ.

ಎರಡೂ ಬ್ಯಾಂಡ್‌ಗೆ ಒಂದೇ ಹೆಸರಿದ್ದರೆ ಫೋನ್ ಸುಮ್ನೆ 2.4ಕ್ಕೆ ಅಂಟಿಕೊಂಡು ಕೂತಿರಬಹುದು. ಕನಿಷ್ಠ ಪರೀಕ್ಷೆಯ ಹೊತ್ತಿಗಾದರೂ ಎರಡಕ್ಕೂ ಬೇರೆ ಬೇರೆ ಹೆಸರು ಕೊಟ್ಟು 5ಕ್ಕೆ ಸೇರಿಕೊಳ್ಳಿ. ಬಹಳ ಮನೆಗಳಲ್ಲಿ ಇಷ್ಟಕ್ಕೇ ಸಮಸ್ಯೆ ಮುಗಿಯುತ್ತದೆ.

ಲಿಂಕ್ ಸ್ಪೀಡ್ 54ನ್ನು ದಾಟುತ್ತಲೇ ಇಲ್ಲವೆಂದರೆ ಸೆಕ್ಯುರಿಟಿ ಸೆಟ್ಟಿಂಗ್ ನೋಡಿ. ವೆಪ್ ಅಥವಾ ಟಿಕೆಐಪಿ ಎಂಬ ಹಳೆಯ ಭದ್ರತೆ ಆರಿಸಿದ್ದರೆ ವೈಫೈ 4 ಮತ್ತು ಅದಕ್ಕಿಂತ ಹೊಸದರ ವೇಗಗಳು ಸಿಗುವುದಿಲ್ಲ. ಹಳೆಯ 54ಕ್ಕೇ ಇಳಿಯುತ್ತದೆ. ಡಬ್ಲ್ಯುಪಿಎ2 ಎಇಎಸ್ ಅಥವಾ ಡಬ್ಲ್ಯುಪಿಎ3 ಆರಿಸಿ. ಡಬ್ಲ್ಯುಎಂಎಂ ಎಂಬ ಆಯ್ಕೆ ಕಂಡರೆ ಅದು ಆನ್ ಇರಲಿ. ಅದನ್ನು ಆಫ್ ಮಾಡಿದರೂ ಇದೇ ಗತಿ.

ಚಾನೆಲ್ ವಿಷಯ ಚಿಕ್ಕದು. 2.4ರಲ್ಲಿ 1, 6, 11 ಈ ಮೂರರಲ್ಲಿ ಒಂದನ್ನೇ ಆರಿಸಿ, ಅಗಲ 20 ಇಡಿ. ನಡುವಿನ ಚಾನೆಲ್‌ಗಳು ಎರಡೂ ಪಕ್ಕದವರ ಜೊತೆ ತಿಕ್ಕಾಡುತ್ತವೆ. 5ರಲ್ಲಿ ಅಗಲ 80 ಇಡಿ. 52ರಿಂದ 144ರವರೆಗಿನ ಚಾನೆಲ್‌ಗಳನ್ನು ಬಹಳ ದೇಶಗಳಲ್ಲಿ ರೇಡಾರ್ ಜೊತೆ ಹಂಚಿಕೊಳ್ಳಬೇಕು. ರೇಡಾರ್ ಸಿಗ್ನಲ್ ಕಂಡರೆ ರೂಟರ್ ಆ ಚಾನೆಲ್ ಬಿಡಬೇಕು. 5 ಗಿಗಾಹರ್ಟ್ಸ್ ಆಗಾಗ ಮಾಯವಾಗುತ್ತಿದ್ದರೆ ಚಾನೆಲ್ 36ಕ್ಕೆ ಬದಲಿಸಿ ನೋಡಿ.

ದೂರದ ಕೋಣೆಗಳು

ರೂಟರ್ ಪಕ್ಕದಲ್ಲಿ ಪೂರ್ತಿ ಸ್ಪೀಡ್ ಬಂತು, ಕೋಣೆಯಲ್ಲಿ ಬರುತ್ತಿಲ್ಲ. ಹಾಗಾದರೆ ಉಳಿದಿರುವುದು ಜಾಗದ ಪ್ರಶ್ನೆ. ರೂಟರ್ ಮನೆಯ ನಡುಭಾಗದಲ್ಲಿ, ಎತ್ತರದಲ್ಲಿ, ತೆರೆದ ಕಡೆ ಇರಲಿ. ಟಿವಿ ಹಿಂದೆ, ಕಬ್ಬಿಣದ ಕಪಾಟಿನೊಳಗೆ, ದೊಡ್ಡ ಕನ್ನಡಿ ಅಥವಾ ಮೀನಿನ ತೊಟ್ಟಿಯ ಪಕ್ಕ ಬೇಡ. ಲೋಹ, ನೀರು, ಕಾಂಕ್ರೀಟ್ ಮೂರೂ ಸಿಗ್ನಲ್‌ಗೆ ಅಡ್ಡ. ಉದ್ದನೆಯ ಕೋಲಿನಂಥ ಆಂಟೆನಾ ಸಿಗ್ನಲ್ಲನ್ನು ತನ್ನ ತುದಿಯ ಕಡೆಗಿಂತ ಸುತ್ತಲೂ ಹೆಚ್ಚು ಹರಡುತ್ತದೆ. ಒಂದೇ ಮಹಡಿಯ ಮನೆಯಾದರೆ ಅದನ್ನು ನೆಟ್ಟಗೆ ನಿಲ್ಲಿಸಿ. ಮೈಕ್ರೋವೇವ್ ಓವನ್ ಓಡುವಾಗ, ರೂಟರ್‌ಗೆ ಯುಎಸ್‌ಬಿ 3 ಹಾರ್ಡ್ ಡಿಸ್ಕ್ ಚುಚ್ಚಿದಾಗ 2.4ಕ್ಕೆ ತೊಂದರೆಯಾಗುತ್ತದೆ. 5ಕ್ಕೆ ಇವುಗಳ ಕಾಟ ಇಲ್ಲ.

ಫೋನ್‌ನಲ್ಲಿ ಸಿಗ್ನಲ್ ತೋರಿಸುವ ಆ್ಯಪ್ ಇದ್ದರೆ ಡಿಬಿಎಂ (ಸಿಗ್ನಲ್ ಬಲದ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು) ಅಂಕಿ ನೋಡಿ. ಮೈನಸ್ 50ರ ಆಸುಪಾಸು ತುಂಬಾ ಚೆನ್ನಾಗಿದೆ. ಮೈನಸ್ 67ರ ತನಕ ಕೆಲಸ ನಡೆಯುತ್ತದೆ. ಮೈನಸ್ 80 ಎಂದರೆ ಅಲ್ಲಿ ಸ್ಪೀಡ್ ನಿರೀಕ್ಷಿಸುವಂತಿಲ್ಲ.

ಅಂಥ ಕೋಣೆಗೆ ರಿಪೀಟರ್ ತರುವ ಯೋಚನೆ ಇದ್ದರೆ ಒಂದು ವಿಷಯ ತಿಳಿದಿರಲಿ. ಒಂದೇ ರೇಡಿಯೊದಲ್ಲಿ ಕೇಳಿಸಿಕೊಂಡು ಮತ್ತೆ ಹೇಳುವ ರಿಪೀಟರ್ ಸ್ಪೀಡನ್ನು ಅರ್ಧಕ್ಕೆ ಇಳಿಸುತ್ತದೆ. ಸಿಗ್ನಲ್ ಸತ್ತ ಕೋಣೆಯಲ್ಲೇ ಅದನ್ನಿಟ್ಟರೆ ಆ ಅರ್ಧವೂ ಇಲ್ಲ. ಇಡುವುದಾದರೆ ನಡುದಾರಿಯಲ್ಲಿ, ಸಿಗ್ನಲ್ ಇನ್ನೂ ಗಟ್ಟಿಯಾಗಿರುವ ಕಡೆ ಇಡಿ. ಪೂರ್ತಿ ಸ್ಪೀಡ್ ಬೇಕೇ ಬೇಕು ಎನ್ನುವವರಿಗೆ ನನ್ನ ಸಲಹೆ ಒಂದೇ: ಆ ಕೋಣೆಯವರೆಗೆ ಲ್ಯಾನ್ ಕೇಬಲ್ ಎಳೆಸಿ. ಅದರ ತುದಿಗೆ ಹಳೆಯ ರೂಟರ್ ಸಾಕು, ಅದರಲ್ಲೂ 5 ಗಿಗಾಹರ್ಟ್ಸ್ ಮತ್ತು ಗಿಗಾಬಿಟ್ ಪೋರ್ಟ್ ಇದ್ದರೆ ಆಯಿತು. ಅದನ್ನು ಆ್ಯಕ್ಸೆಸ್ ಪಾಯಿಂಟ್ ಮೋಡ್‌ಗೆ (ಕೇಬಲ್‌ನಲ್ಲಿ ಬಂದದ್ದನ್ನು ವೈಫೈ ಆಗಿ ಹರಡುವುದಷ್ಟೇ ಕೆಲಸ) ಹಾಕಿ. ಆ ಮೋಡ್ ಇಲ್ಲದಿದ್ದರೆ ಡಿಎಚ್‌ಸಿಪಿ (ಸಾಧನಗಳಿಗೆ ತಾನೇ ಐಪಿ ವಿಳಾಸ ಹಂಚುವ ಸೌಲಭ್ಯ) ಆಫ್ ಮಾಡಿ, ಮುಖ್ಯ ರೂಟರ್‌ಗಿಂತ ಬೇರೆ ಐಪಿ ವಿಳಾಸ ಕೊಟ್ಟು, ಎರಡೂ ಕಡೆ ಲ್ಯಾನ್ ಪೋರ್ಟ್‌ಗೇ ಕೇಬಲ್ ಹಾಕಿ. ಮೆಶ್ ಸೆಟ್ (ಹಲವು ಡಬ್ಬಿಗಳಿಂದ ಒಂದೇ ವೈಫೈ ಹರಡುವ ವ್ಯವಸ್ಥೆ) ಕೊಂಡರೂ ಅದರ ಡಬ್ಬಿಗಳನ್ನು ಕೇಬಲ್‌ನಿಂದ ಜೋಡಿಸಿದಾಗಲೇ ಅದು ಚೆನ್ನಾಗಿ ಓಡುವುದು. ಟಿವಿ, ಡೆಸ್ಕ್‌ಟಾಪ್‌ನಂಥ ಕದಲದ ಸಾಧನಗಳಿಗೂ ಕೇಬಲ್ಲೇ ಕೊಡಿ. ಫೋನ್‌ಗಳಿಗೆ ಅಷ್ಟರ ಮಟ್ಟಿಗೆ ವೈಫೈ ದಾರಿ ತೆರವಾಗುತ್ತದೆ.

ಇಷ್ಟಾದ ಮೇಲೂ ಒಂದು ಫೋನ್ ಮಾತ್ರ ಹಿಂದೆ ಬಿದ್ದಿದ್ದರೆ ತಪ್ಪು ರೂಟರ್‌ದಲ್ಲ. ಒಂದೇ ಆಂಟೆನಾ ಇರುವ ವೈಫೈ 5 ಫೋನ್‌ನ ಲಿಂಕ್ ಸ್ಪೀಡ್ 433ಕ್ಕೆ ನಿಲ್ಲುತ್ತದೆ. ಕೆಲವು ಹಳೆಯ ಫೋನ್‌ಗಳಿಗೆ 5 ಗಿಗಾಹರ್ಟ್ಸ್ ಕಾಣುವುದೇ ಇಲ್ಲ. ಎಲ್ಲ ಸಾಧನಗಳಲ್ಲೂ, ರೂಟರ್ ಪಕ್ಕದಲ್ಲೂ ಸ್ಪೀಡ್ ಕಡಿಮೆ ಎಂದಾದರೆ ಹೊಸ ರೂಟರ್ ತರುವುದು ಸರಿ. ಅದರಲ್ಲಿ ಎಲ್ಲ ಪೋರ್ಟ್‌ಗಳೂ ಗಿಗಾಬಿಟ್ ಇರಲಿ, ವೈಫೈ 6 ಇರಲಿ. ಪ್ಲಾನ್ 1 ಗಿಗಾಬಿಟ್ ದಾಟಿದ್ದರೆ ಇಂಟರ್ನೆಟ್ ಒಳಗೆ ಬರುವ ಪೋರ್ಟ್ 2.5 ಗಿಗಾಬಿಟ್‌ದೇ ಎಂದು ವಿಚಾರಿಸಿ ಕೊಳ್ಳಿ.