ಎರಡು ತಗಡಿನ ಡಬ್ಬಿ, ಹೊಗೆಯಿಲ್ಲದ ಉರಿ

ಒಣ ಪುಳ್ಳೆ ಕೈಗೆ ಸಿಗುವ ಜಾಗಕ್ಕೆ ಗ್ಯಾಸ್ ಸಿಲಿಂಡರ್ ಹೊತ್ತುಕೊಂಡು ಹೋಗುವುದು ನನಗೆ ಯಾವತ್ತೂ ಸರಿ ಕಂಡಿಲ್ಲ. ಹಾಗಂತ ಮೂರು ಕಲ್ಲಿಟ್ಟು ಬೆಂಕಿ ಹಾಕಿದರೆ ಸೌದೆ ಜಾಸ್ತಿ ಬೇಕು, ಹೊಗೆ ಕಣ್ಣಿಗೆ ಹೊಡೆಯುತ್ತದೆ, ಗಾಳಿ ಬೀಸಿದರೆ ಕಿಡಿ ಎಲ್ಲಿಗೆ ಹಾರುತ್ತದೋ ಹೇಳಲಾಗದು. ಇವೆರಡರ ನಡುವೆ ನಾನು ನೆಚ್ಚಿಕೊಂಡಿರುವುದು ಆಹಾರ ತುಂಬಿ ಬರುವ ಎರಡು ತಗಡಿನ ಡಬ್ಬಿಗಳಿಂದ ಮಾಡಿದ ಒಲೆಯನ್ನು. ತೂಕ ಸುಮಾರು 200 ಗ್ರಾಂ. ಒಂದು ಮಧ್ಯಾಹ್ನದ ಕೆಲಸ. ಚೆನ್ನಾಗಿ ಮಾಡಿದರೆ ಉರಿ ಹತ್ತಿದ ಮೇಲೆ ಹೊಗೆ ಕಾಣುವುದೇ ಇಲ್ಲ ಎನ್ನಬಹುದು.

ಈ ಒಲೆಯಲ್ಲಿ ಎಲ್ಲವೂ ನಿಂತಿರುವುದು ತೂತುಗಳ ಮೇಲೆ. ಅದಕ್ಕೆ ಡಬ್ಬಿಗೆ ಕೈ ಹಾಕುವ ಮೊದಲು ಸೌದೆ ಹೇಗೆ ಉರಿಯುತ್ತದೆ ಅಂತ ಸ್ವಲ್ಪ ತಿಳಿದುಕೊಂಡರೆ ಒಳ್ಳೆಯದು.

ಸೌದೆ ಬಿಸಿಯಾದಾಗ ಮೊದಲು ಅದರ ನೀರು ಆವಿಯಾಗುತ್ತದೆ. ಬಿಸಿ 200 ಡಿಗ್ರಿ ಸೆಲ್ಸಿಯಸ್ ದಾಟಿ 300ರ ಕಡೆಗೆ ಏರಿದಂತೆ ಸೌದೆ ಒಡೆದು ಅನಿಲ ಬಿಡಲು ಶುರುಮಾಡುತ್ತದೆ. ಒಣ ಸೌದೆಯ ತೂಕದ ಸುಮಾರು ಮುಕ್ಕಾಲು ಭಾಗ ಹೀಗೆ ಅನಿಲವಾಗಿಯೇ ಹೋಗುತ್ತದೆ, ಉಳಿದದ್ದು ಇದ್ದಿಲು ಮತ್ತು ಒಂದಿಷ್ಟು ಬೂದಿ. ನಮಗೆ ಕಾಣುವ ಜ್ವಾಲೆ ಈ ಅನಿಲದ್ದು. ಅದಕ್ಕೆ ಬಿಸಿಯೂ ಗಾಳಿಯೂ ಒಟ್ಟಿಗೆ ಸಿಕ್ಕರೆ ಪೂರ್ತಿ ಉರಿಯುತ್ತದೆ. ಯಾವುದಾದರೂ ಒಂದು ಕಡಿಮೆಯಾದರೆ ಅರ್ಧಂಬರ್ಧ ಉರಿದು ಹೊಗೆಯಾಗುತ್ತದೆ. ಹೊಗೆ ಹೋಗುತ್ತಿದೆ ಅಂದರೆ ಸೌದೆಯ ಶಕ್ತಿ ಸುಮ್ನೆ ಗಾಳಿಗೆ ಹೋಗುತ್ತಿದೆ ಎಂದೇ ಅರ್ಥ. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲ್ ಸಿಗದೆ ಯುರೋಪಿನಲ್ಲಿ ಇದೇ ಸೌದೆಯ ಅನಿಲದಿಂದ ಕಾರು, ಲಾರಿ ಓಡಿಸಿದ್ದರು. ಅಷ್ಟು ಕಸುವು ಅದರಲ್ಲಿದೆ.

ಎರಡು ಗೋಡೆಯ ಒಲೆ ಮಾಡುವ ಕೆಲಸ ಇಷ್ಟೇ. ಗಾಳಿ ಹೊರಡಬ್ಬಿಯ ಬುಡದಿಂದ ಒಳಗೆ ಬರುತ್ತದೆ. ಅದರಲ್ಲಿ ಒಂದು ಪಾಲು ಒಳಡಬ್ಬಿಯ ತಳದ ತೂತುಗಳಿಂದ ಸೌದೆಯ ನಡುವೆ ಹಾದುಹೋಗುತ್ತದೆ. ಇನ್ನೊಂದು ಪಾಲು ಎರಡು ಗೋಡೆಗಳ ಸಂದಿನಲ್ಲಿ ಬಿಸಿಯಾಗುತ್ತಾ ಮೇಲೇರಿ, ಒಳಡಬ್ಬಿಯ ಬಾಯಿಯ ಹತ್ತಿರದ ತೂತುಗಳಿಂದ ನುಗ್ಗಿ, ಮೇಲೆ ಬರುವ ಅನಿಲವನ್ನು ಅಲ್ಲೇ ಉರಿಸುತ್ತದೆ. ಉರಿ ಹದಕ್ಕೆ ಬಂದಾಗ ಆ ತೂತುಗಳಿಂದ ಸಣ್ಣ ಸಣ್ಣ ಜ್ವಾಲೆಗಳು ನಡುವಿಗೆ ಚಾಚಿಕೊಂಡಿರುತ್ತವೆ. ಎಷ್ಟು ಸಲ ನೋಡಿದರೂ ನನಗೆ ಅದು ಖುಷಿ ಕೊಡುತ್ತದೆ.

ಡಬ್ಬಿ ಆರಿಸುವಾಗ ಮೊದಲು ಅಯಸ್ಕಾಂತ ಹಿಡಿದು ನೋಡಿ. ಅಂಟಬೇಕು. ಅಲ್ಯೂಮಿನಿಯಂ ಡಬ್ಬಿ ಇದಕ್ಕೆ ಬೇಡ. ಅದು 660 ಡಿಗ್ರಿಗೆ ಕರಗುತ್ತದೆ, ಅದಕ್ಕೂ ಮುಂಚೆಯೇ ಮೆತ್ತಗಾಗುತ್ತದೆ. ಸತುವಿನ ಲೇಪ ಇರುವ ಬಕೆಟ್ಟು, ತಗಡು, ಜಾಲರಿ ಯಾವುದನ್ನೂ ಬಳಸಬೇಡಿ. ಕಾದ ಸತುವಿನ ಹೊಗೆ ಕುಡಿದರೆ ಚಳಿಜ್ವರ ಬಂದಂತಾಗುತ್ತದೆ. ಪೇಂಟ್, ಥಿನ್ನರ್ ಇದ್ದ ಡಬ್ಬಿಯೂ ಬೇಡ. ನಾನು ಬಳಸುವ ಒಳಡಬ್ಬಿ ಸುಮಾರು 7.3 ಸೆಂ.ಮೀ. ಅಗಲ, 11 ಸೆಂ.ಮೀ. ಎತ್ತರ. ಹೊರಡಬ್ಬಿ 10 ಸೆಂ.ಮೀ. ಅಗಲ, 12 ಸೆಂ.ಮೀ. ಎತ್ತರ. ಬೇರೆ ಅಳತೆಯಾದರೂ ನಡೆಯುತ್ತದೆ. ಸುತ್ತಲೂ ಒಂದು ಸೆಂಟಿಮೀಟರಿಗೂ ಮಿಕ್ಕಿ ಸಂದು ಇರಬೇಕು, ದೊಡ್ಡದು ಚಿಕ್ಕದಕ್ಕಿಂತ ಸ್ವಲ್ಪ ಎತ್ತರ ಇರಬೇಕು. ಮುಚ್ಚಳ ತೆಗೆಯುವಾಗ ಬಾಯಿಯ ಸುತ್ತಿನ ದಪ್ಪ ಅಂಚು ಹಾಗೇ ಉಳಿಯಲಿ. ಒಳಡಬ್ಬಿ ನಿಲ್ಲುವುದು ಆ ಅಂಚಿನ ಮೇಲೆ.

ಮೊದಲು ಒಳಡಬ್ಬಿ. ಅದರೊಳಗೆ ಹಿಡಿಸುವಷ್ಟು ದಪ್ಪದ ಮರದ ತುಂಡೊಂದನ್ನು ತೂರಿಸಿಕೊಳ್ಳಿ. ಇಲ್ಲದಿದ್ದರೆ ಮೊಳೆ ಹೊಡೆದಾಗ ತಗಡು ನಜ್ಜುಗುಜ್ಜಾಗುತ್ತದೆ. ತುಂಡು ಸಿಗದಿದ್ದರೆ ಡಬ್ಬಿಗೆ ನೀರು ತುಂಬಿ ಫ್ರೀಜರಿನಲ್ಲಿ ಗಡ್ಡೆ ಕಟ್ಟಿಸಿಯೂ ತೂತು ಹೊಡೆಯಬಹುದು. ಬರೀ ಮುಕ್ಕಾಲು ಭಾಗ ತುಂಬಿ, ನೀರು ಹೆಪ್ಪುಗಟ್ಟಿದಾಗ ಹಿಗ್ಗುತ್ತದೆ. ಡ್ರಿಲ್ ಇದ್ದವರು ಮೊಳೆಯಿಂದ ಒಂದು ಗುರುತು ಹೊಡೆದುಕೊಂಡು ಆಮೇಲೆ ಕೊರೆಯಬೇಕು, ತೆಳು ತಗಡಿನ ಮೇಲೆ ಬಿಟ್ ಜಾರಿ ಹರಿದುಬಿಡುತ್ತದೆ.

ತಳಕ್ಕೆ 3 ಮಿ.ಮೀ. ತೂತು ಸುಮಾರು 30. ಬಾಯಿಯ ಅಂಚಿನಿಂದ 2 ಸೆಂ.ಮೀ. ಕೆಳಗೆ ಸುತ್ತಲೂ 6 ಮಿ.ಮೀ. ತೂತು 16. ಲೆಕ್ಕ ಹಾಕಿದರೆ ತಳದ ತೂತುಗಳ ಒಟ್ಟು ವಿಸ್ತೀರ್ಣ ಸುಮಾರು 210 ಚದರ ಮಿಲಿಮೀಟರ್, ಮೇಲಿನ ಸಾಲಿನದ್ದು 450. ಮೇಲೆ ಕೆಳಗಿನ ಎರಡರಷ್ಟು. ಈ ಅನುಪಾತವನ್ನು ನಾನು ಬಿಡುವುದಿಲ್ಲ. ಕೆಳಗಿನಿಂದ ಗಾಳಿ ಜಾಸ್ತಿ ಬಂದರೆ ಸೌದೆ ಭರಭರನೆ ಅನಿಲ ಬಿಡುತ್ತದೆ, ಅಷ್ಟನ್ನೂ ಉರಿಸಲು ಮೇಲಿನ ಗಾಳಿ ಸಾಲುವುದಿಲ್ಲ, ಉರಿ ಎತ್ತರಕ್ಕೆದ್ದು ಮಸಿ ಕಾರುತ್ತದೆ. ತೀರಾ ಕಡಿಮೆಯಾದರೆ ಬೆಂಕಿ ಕೆಳಗಿಳಿಯುವುದೇ ಇಲ್ಲ. ತಳದ ತೂತು ಮೊದಲು ಕಡಿಮೆಯೇ ಹೊಡೆದು, ಉರಿಸಿ ನೋಡಿ ಹೆಚ್ಚಿಸುವುದು ಜಾಣತನ. ಹೊಡೆದ ತೂತನ್ನು ಮುಚ್ಚುವುದು ಕಷ್ಟ, ಅಲ್ವಾ?

ಈಗ ಹೊರಡಬ್ಬಿಯನ್ನು ಬೋರಲು ಹಾಕಿ. ತೆರೆದ ಬಾಯಿ ನೆಲಕ್ಕೆ, ಮುಚ್ಚಿದ ತಳ ಮೇಲಕ್ಕೆ. ಆ ತಳದ ನಡುವೆ ಒಳಡಬ್ಬಿಯನ್ನು ಇಟ್ಟು ಸುತ್ತ ಗೆರೆ ಎಳೆಯಿರಿ. ಗೆರೆಯ ಮೇಲೆ ಕತ್ತರಿಸಬಾರದು. ಅದಕ್ಕಿಂತ ಅರ್ಧ ಸೆಂಟಿಮೀಟರಿನಷ್ಟು ಒಳಗೆ ಇನ್ನೊಂದು ವೃತ್ತ ಎಳೆದು ತಗಡು ಕತ್ತರಿಯಿಂದ ಅದನ್ನು ತೆಗೆಯಿರಿ. ಉಳಿದ ಅಂಚಿಗೆ ಹೊರಗೆರೆಯವರೆಗೆ ಅಲ್ಲಲ್ಲಿ ಸೀಳು ಹಾಕಿ, ಪಟ್ಟಿಗಳನ್ನು ಇಕ್ಕಳದಿಂದ ಒಳಕ್ಕೆ ಮಡಚಿ. ಒಳಡಬ್ಬಿಯನ್ನು ಒತ್ತಿ ಕೂರಿಸಿದಾಗ ಈ ಪಟ್ಟಿಗಳು ಅದನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ, ಸಂದಿನ ಬಿಸಿ ಗಾಳಿಯೂ ಅಂಚಿನಲ್ಲಿ ಸೋರಿಹೋಗುವುದಿಲ್ಲ. ಮೇಲಿನ ತೂತಿನ ಸಾಲು 2 ಸೆಂ.ಮೀ. ಕೆಳಗಿರಲಿ ಎಂದದ್ದು ಇದಕ್ಕೇ, ಮಡಚಿದ ಪಟ್ಟಿ ತೂತಿಗೆ ಅಡ್ಡ ಬರಬಾರದು. ಹೊರಡಬ್ಬಿಯ ಬುಡದ ಸುತ್ತ 10 ಮಿ.ಮೀ. ತೂತು 12 ಹೊಡೆಯಿರಿ. ಅದು 900 ಚದರ ಮಿಲಿಮೀಟರಿಗೂ ಮಿಕ್ಕಿ ಆಗುತ್ತದೆ, ಒಳಗಿನ ಎರಡೂ ಸಾಲಿಗೆ ಬೇಕಾದ್ದಕ್ಕಿಂತ ಜಾಸ್ತಿಯೇ.

ಕತ್ತರಿಸಿದ ತಗಡು ಬ್ಲೇಡಿನಷ್ಟೇ ಹರಿತ. ದಪ್ಪ ಚರ್ಮದ ಕೈಗವಸು ಹಾಕಿಕೊಂಡೇ ಕೆಲಸ ಮಾಡಿ. ಕೊನೆಗೆ ಎಲ್ಲ ಅಂಚನ್ನೂ ಅರದಿಂದ ಉಜ್ಜಿ. ನಾನು ಬೆರಳು ತಾಗುವ ಅಂಚುಗಳನ್ನು ಒಂದು ಸುತ್ತು ಮಡಚಿಯೂ ಬಿಡುತ್ತೇನೆ.

ಪಾತ್ರೆ ಇಡಲು ಗಿಡ್ಡನೆಯ ಅಗಲ ಡಬ್ಬಿಯೊಂದರ ಎರಡೂ ಬದಿ ತೆಗೆದು ಬಳೆಯ ಹಾಗೆ ಮಾಡಿಕೊಂಡಿದ್ದೇನೆ. ಎತ್ತರ ಸುಮಾರು 4 ಸೆಂ.ಮೀ. ಪಕ್ಕದಲ್ಲಿ ಸೌದೆ ಹಾಕಲು ಒಂದು ಕಿಟಕಿ, ಮೇಲಂಚಿಗೆ ಸುತ್ತಲೂ ದೊಡ್ಡ ತೂತು. ಪಾತ್ರೆ ಒಲೆಯ ಬಾಯಿಗೆ ನೇರವಾಗಿ ಕೂತರೆ ಉರಿಗೆ ಹೊರಹೋಗಲು ದಾರಿಯಿಲ್ಲದೆ ಬರೀ ಹೊಗೆ ಏಳುತ್ತದೆ.

ಮೊದಲ ಸಲ ಅಡುಗೆಗೆ ಬಳಸಬೇಡಿ. ಇಂಥ ಡಬ್ಬಿಗಳ ಒಳಗೆ ತೆಳುವಾದ ಪ್ಲಾಸ್ಟಿಕ್ ಲೇಪ ಇರುವುದುಂಟು, ಹೊರಗೆ ಬಣ್ಣ ಇರಬಹುದು. ಬಯಲಿನಲ್ಲಿ, ಗಾಳಿ ನಿಮ್ಮ ಬೆನ್ನಿನ ಕಡೆಯಿಂದ ಬರುವಂತೆ ನಿಂತು, ಜೋರು ಬೆಂಕಿ ಹಾಕಿ ಎಲ್ಲವನ್ನೂ ಸುಟ್ಟುಬಿಡಿ. ಹೊಳೆಯುವ ತವರದ ಲೇಪ 232 ಡಿಗ್ರಿಗೇ ಕರಗುತ್ತದೆ, ಹಾಗಾಗಿ ತಗಡು ಕಪ್ಪಾದರೆ, ನೀಲಿಗೆ ತಿರುಗಿದರೆ ಗಾಬರಿ ಬೇಡ.

ಇನ್ನು ಉರಿಸುವ ವಿಚಾರ. ಬೆರಳು ದಪ್ಪದ ಒಣ ಪುಳ್ಳೆಗಳನ್ನು ಬೆರಳುದ್ದಕ್ಕೆ ಮುರಿದು, ಮೇಲಿನ ತೂತಿನ ಸಾಲಿಗಿಂತ ಸ್ವಲ್ಪ ಕೆಳಗಿನವರೆಗೆ ತುಂಬುತ್ತೇನೆ. ಮುರಿದಾಗ ಟಕ್ ಎಂದು ಸದ್ದು ಬರಬೇಕು. ಬಾಗಿದರೆ ಅದು ಹಸಿ. ಹಸಿ ಸೌದೆಯ ಒಂದೊಂದು ಕಿಲೋ ನೀರನ್ನು ಆವಿ ಮಾಡಲು ಸುಮಾರು 2.3 ಮೆಗಾಜೂಲ್ ಶಕ್ತಿ ದಂಡವಾಗುತ್ತದೆ, ಅದು ನಿಮ್ಮ ಪಾತ್ರೆಗೆ ಸೇರಬೇಕಾದ ಬಿಸಿ. ತುಂಬಿದ ಮೇಲೆ ಮೇಲ್ಗಡೆ ಒಣ ಹುಲ್ಲು, ತೊಗಟೆ, ಸಣ್ಣ ಚಕ್ಕೆ ಇಟ್ಟು ಮೇಲಿನಿಂದಲೇ ಬೆಂಕಿ ಕೊಡಬೇಕು. ಕೆಳಗಿನಿಂದ ಹೊತ್ತಿಸಿ ಅಭ್ಯಾಸ ಇರುವವರಿಗೆ ಇದು ತಲೆಕೆಳಗು ಅನ್ನಿಸುತ್ತದೆ. ಆದರೆ ಹೀಗೆ ಮಾಡಿದಾಗ ಬೆಂಕಿ ನಿಧಾನಕ್ಕೆ ಕೆಳಗಿಳಿಯುತ್ತದೆ, ಕೆಳಗಿನ ಸೌದೆ ಬಿಟ್ಟ ಅನಿಲ ಮೇಲಿನ ಜ್ವಾಲೆಯನ್ನು ಹಾದೇ ಹೋಗಬೇಕು. 1980ರ ದಶಕದಲ್ಲಿ ಅಮೆರಿಕದ ಥಾಮಸ್ ರೀಡ್ ಈ ಬಗೆಯ ಒಲೆಯ ಮೇಲೆ ಕೆಲಸ ಮಾಡಿದರು. ಬಡವರ ಅಡುಗೆಮನೆಯ ಹೊಗೆ ತಪ್ಪಿಸಲು ಆಮೇಲೆ ಬಂದ ಎಷ್ಟೋ ಒಲೆಗಳು ಇದೇ ದಾರಿ ಹಿಡಿದಿವೆ.

ಶುರುವಿನಲ್ಲಿ ಕೆಲವು ನಿಮಿಷ ಹೊಗೆ ಇರುತ್ತದೆ. ಒಳಗೋಡೆ ಕಾದ ಮೇಲೆ ಅದು ತಾನಾಗಿ ನಿಲ್ಲುತ್ತದೆ. ಆಮೇಲೆ ಪಾತ್ರೆ ಇಡುತ್ತೇನೆ. ತಣ್ಣನೆಯ ಪಾತ್ರೆಯನ್ನು ಮೊದಲೇ ಇಟ್ಟರೆ ಜ್ವಾಲೆ ಅದಕ್ಕೆ ತಾಗಿ ತಣ್ಣಗಾಗಿ ಮಸಿ ಕಟ್ಟುತ್ತದೆ. ಪಾತ್ರೆಯ ಹೊರಗೆ ಸೋಪು ಸವರಿಟ್ಟರೆ ತೊಳೆಯುವುದು ಸುಲಭ.

ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಗೆ ತರಲು ಬೇಕಾದದ್ದು ಸುಮಾರು 315 ಕಿಲೋಜೂಲ್. ಗಾಳಿಗೆ ಒಣಗಿದ 100 ಗ್ರಾಂ ಸೌದೆಯಲ್ಲಿ 1,500 ಕಿಲೋಜೂಲ್‌ನಷ್ಟಿದೆ. ಐದರಲ್ಲೊಂದು ಪಾಲು ನೀರಿಗೆ ಸೇರಿದರೂ ಕೆಲಸ ಹತ್ತಿರಹತ್ತಿರ ಆಗಿಬಿಡುತ್ತದೆ. ಎರಡು ಹಿಡಿ ಪುಳ್ಳೆ ಅಷ್ಟೇ. ಮುಚ್ಚಳ ಹಾಕುವುದನ್ನು ಮರೆಯಬೇಡಿ, ಗಾಳಿ ಬರುವ ಕಡೆಗೆ ಚಪ್ಪಟೆ ಕಲ್ಲುಗಳನ್ನು ಅಡ್ಡ ಇಡಿ. ಮತ್ತೆ ಸೌದೆ ಹಾಕುವುದಾದರೆ ಒಂದೆರಡು ತುಂಡು ಮಾತ್ರ. ಒಟ್ಟಿಗೆ ಸುರಿದರೆ ಉರಿ ಕುಸಿದು ಹೊಗೆ ಮರಳಿ ಬರುತ್ತದೆ.

ಅನಿಲವೆಲ್ಲ ತೀರಿದ ಮೇಲೆ ಹಳದಿ ಜ್ವಾಲೆ ಇಳಿದು ಕೆಂಡದ ಮೇಲೆ ಸಣ್ಣ ನೀಲಿ ಉರಿ ಆಡುತ್ತದೆ. ನೋಡಲು ಶಾಂತವಾಗಿರುವ ಈ ಹೊತ್ತೇ ಅಪಾಯದ್ದು. ಆ ನೀಲಿ ಉರಿ ಕಾರ್ಬನ್ ಮಾನಾಕ್ಸೈಡ್ ಉರಿಯುವುದು, ಉರಿಯದೆ ಉಳಿದದ್ದು ಗಾಳಿಗೆ ಸೇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮುಚ್ಚಿದ ಜಾಗದಲ್ಲಿ ಜೀವ ತೆಗೆಯುತ್ತದೆ. ಮಳೆ ಬರಲಿ, ಚಳಿ ಇರಲಿ, ಈ ಒಲೆಯನ್ನು ಟೆಂಟಿನೊಳಗೆ, ಕೋಣೆಯೊಳಗೆ, ವಾಹನದೊಳಗೆ ತರಬೇಡಿ. ಆರಿತು ಅಂದುಕೊಂಡ ಕೆಂಡ ಇರುವ ಒಲೆಯನ್ನೂ ತರಬೇಡಿ. ಇದನ್ನು ಜೊತೆಗಿರುವ ಎಲ್ಲರಿಗೂ ನಾನು ಪ್ರತಿ ಸಲ ಹೇಳುತ್ತೇನೆ.

ಒಲೆಯ ತಳ ಬರಿದಾಗಿರುವುದರಿಂದ ನೆಲಕ್ಕೆ ಬಿಸಿ ಜೋರಾಗಿ ತಾಗುತ್ತದೆ, ಸಣ್ಣ ಕೆಂಡವೂ ಉದುರಬಹುದು. ಒಣ ಎಲೆ ಗುಡಿಸಿ ಬರಿಯ ಮಣ್ಣು ಅಥವಾ ಒಣ ಚಪ್ಪಟೆ ಕಲ್ಲಿನ ಮೇಲಿಡಿ. ಹೊಳೆಯಿಂದ ತೆಗೆದ ಹಸಿ ಕಲ್ಲು ಕಾದಾಗ ಸಿಡಿಯುವುದುಂಟು. ಕೆಂಡವನ್ನು ನೀರಿನಲ್ಲಿ ಕಲಸಿ, ಕೈಗೆ ತಣ್ಣಗೆ ತಾಗುವವರೆಗೆ ಬಿಟ್ಟು ಹೋಗಬೇಡಿ. ಬೆಂಕಿ ಹಾಕಬಾರದು ಎಂದಿರುವ ಜಾಗದಲ್ಲಿ, ಎಲ್ಲವೂ ಒಣಗಿ ನಿಂತಿರುವ ಕಾಲದಲ್ಲಿ ಒಲೆ ಹೊತ್ತಿಸುವುದೇ ಬೇಡ.

ಈ ತಗಡು ಬಹಳ ತೆಳು. ತವರ ಹೋದ ಮೇಲೆ ತುಕ್ಕು ಬೇಗ ಹಿಡಿಯುತ್ತದೆ, ಅದಕ್ಕೆ ಬೂದಿ ಒದರಿ, ಒಣಗಿಸಿ, ಬಟ್ಟೆ ಚೀಲದಲ್ಲಿ ಸುತ್ತಿ ಪಾತ್ರೆಯೊಳಗೇ ಇಟ್ಟುಕೊಳ್ಳುತ್ತೇನೆ. ಮೊದಲು ಸವೆಯುವುದು ಒಳಡಬ್ಬಿಯ ತಳ. ತೂತುಗಳು ಒಂದಕ್ಕೊಂದು ಸೇರಿಕೊಂಡು ಕೆಂಡ ಉದುರಲು ಶುರುವಾದರೆ ಅದನ್ನು ಎಳೆದು ತೆಗೆದು, ಅದೇ ಅಳತೆಯ ಇನ್ನೊಂದು ಡಬ್ಬಿಗೆ ತೂತು ಹೊಡೆದು ಕೂರಿಸಿದರೆ ಆಯಿತು. ಹೊರಡಬ್ಬಿ ಹಾಗೇ ನಡೆಯುತ್ತದೆ.