ಫಿಕ್ಸೆಡ್ ಪ್ರೈಸ್ ಅಂದ ಶೋರೂಮಿನಾಗ ಸೆಕೆಂಡ್ ಹ್ಯಾಂಡ್ ಗಾಡಿ ರೇಟ್ ಇಳಿಸಿದ್ದು: ನನ್ನ ಅನುಭವ

ಎರಡು ಹಳೇ ಕಾರು, ಎರಡು ಬ್ಯಾರೆ ಬ್ಯಾರೆ ಊರಿನ ಶೋರೂಮ್, ಎರಡೂ ಸೇರಿ ಒಂದು ಲಕ್ಷದ ಮ್ಯಾಲ ಉಳಿಸೀನಿ. ಮೊದಲನೇ ಗಾಡಿ ತಂದಾಗ ನಮ್ಮ ಮಂದಿ ಎಲ್ಲಾ "ಅದು ಜಿಎಸ್‌ಟಿ ಇಳಿದಿದ್ದಕ್ಕ ಸಿಕ್ಕೈತಿ, ನಿಂದೇನೈತಿ ಅದರಾಗ" ಅಂದ್ರು. ಜನವರ್ಯಾಗ ನಮ್ಮ ಮಾವಾರಿಗೆ ವಿಜಯಪುರದಾಗ ಅದ ಪದ್ಧತಿಯಿಂದ ಇನ್ನೊಂದು ಗಾಡಿ ಕೊಡಿಸಿದೆ ನೋಡ್ರಿ, ಆಮ್ಯಾಲ ಯಾರೂ ತುಟಿಪಿಟಕ್ ಅನ್ನಲಿಲ್ಲ. ಗಾಡಿ ಹೆಂಗ ಚೆಕ್ ಮಾಡೋದು, ಸರ್ವಿಸ್ ರೆಕಾರ್ಡ್ ತಗಸೋದು, ಸರ್ಕಾರದ ಪರಿವಾಹನ್ ವೆಬ್‌ಸೈಟಿನಾಗ ಆರ್‌ಸಿ ನೋಡೋದು ಎಲ್ಲಾ ನಿಮಗೂ ಗೊತ್ತಿರೂದ, ಅದನ್ನ ಇಲ್ಲಿ ಬರ್ಯಾಂಗಿಲ್ಲ, ಬರೇ ರೇಟಿನ ಮಾತು.

ಮೊದಲ ಯಾವ್ಯಾವು ನಡೀಲಿಲ್ಲ ಅನ್ನೋದು ಹೇಳ್ತೀನಿ, ಯಾಕಂದ್ರ ಎಲ್ಲಾರೂ ಇವನ್ನ ಮಾಡಾಕ ಹೇಳ್ತಾರ. ಮೆಕ್ಯಾನಿಕ್ ಕರಕೊಂಡು ಹೋಗಿ ಬಂಪರ್ ಟಚಪ್ ಆಗೈತಿ, ಟೈರ್ ಹಳೇವು, ಕ್ಲಚ್ ಗಟ್ಟಿ ಐತಿ ಅಂತ ತಪ್ಪು ಹುಡುಕೋದು. ಖಾಸಗಿ ಪಾರ್ಟಿ ಇದ್ರ ಇದು ನಡೀತೈತಿ, ಶೋರೂಮಿನಾಗ ನಡ್ಯಾಂಗಿಲ್ಲ. ಅವನಿಗೆ ಆ ತಪ್ಪು ಎಲ್ಲಾ ಖರೀದಿ ಮಾಡುವಾಗನ ಗೊತ್ತಿರ್ತಾವ, ಅದಕ್ಕಂತನ ಮೊದಲ ಮಾಲಕನ ಕಡೆ ರೇಟ್ ಮುರದಿರ್ತಾನ, ನಾವು ಹೇಳಿದ್ರ "ಹಂಗಾದ್ರ ಆ ಕಡೆ ಇನ್ನೊಂದು ಐತಿ ನೋಡ್ರಿ ಸರ" ಅಂತ ನಗತಾನ. ಎರಡನೇದು, ಮೊಬೈಲ್‌ದಾಗ ಬ್ಯಾರೆ ಕಡೆ ರೇಟ್ ತೋರಸೋದು. "ಅಲ್ಲೇ ತಗೋರಿ ಸರ" ಅಂತಾನ, ಮುಗೀತು. ಮೂರನೇದು, ಪೂರಾ ಕ್ಯಾಶ್ ಕೊಡ್ತೀನಿ ಅಂತ ಹೋದ ಕೂಡಲೇ ಹೇಳೋದು. ಇದಂತೂ ಉಲ್ಟಾ ಹೊಡೀತೈತಿ, ಯಾಕ ಅಂತ ಮುಂದ ಹೇಳ್ತೀನಿ. ಈ ಮೂರೂ ಹಾದಿಯಿಂದ ಅಬ್ಬಬ್ಬಾ ಅಂದ್ರ ಹತ್ತು ಸಾವಿರ ಇಳೀತೈತಿ, ಇಲ್ಲಾಂದ್ರ ಸೀಟ್ ಕವರ್ ಹಾಕಿ ಕೊಡ್ತಾರ.

ನಮ್ಮ ಕಾಕಾ ಎತ್ತಿನ ವ್ಯಾಪಾರದಾಗ ಪಳಗಿದ ಮನಷ್ಯಾ, ಬನಶಂಕರಿ ಜಾತ್ರ್ಯಾಗ ಟವೆಲ್ ಒಳಗ ಬೆರಳು ಹಿಡದು ಜೋಡಿ ಎತ್ತಿನ ರೇಟ್ ಮುರಿಯಾಂವ. ಆತನೂ "ಏಸಿ ಹಾಕಿದ ಅಂಗಡ್ಯಾಗ ರೇಟ್ ಇಳಿಯಾಂಗಿಲ್ಲೋ ತಮ್ಮಾ, ಕಂಪ್ಯೂಟರ್‌ದಾಗ ಇದ್ದದ್ದ ರೇಟು" ಅಂತಿದ್ದ. ಅಂಥಾ ಕಾಕಾಗನ ನಾ ತೋರಿಸಿದ್ದು ಏನಂದ್ರ, ಕಂಪ್ಯೂಟರ್‌ದಾಗಿನ ರೇಟ್ ತಾನ ಇಳೀತೈತಿ, ಯಾವಾಗ ಇಳೀತೈತಿ ಅನ್ನೋದು ನಮಗ ಗೊತ್ತಿರಬೇಕ ಅಷ್ಟ.

ಮುಖ್ಯ ಮಾತು ಇಷ್ಟ. ಗಾಡಿ ಹೆಂಗೈತಿ ಅನ್ನೋದರ ಮ್ಯಾಲ ಚೌಕಾಸಿ ಮಾಡಬ್ಯಾಡ್ರಿ, ಗಾಡಿ ಎಷ್ಟು ದಿನದಿಂದ ನಿಂತೈತಿ ಅನ್ನೋದರ ಮ್ಯಾಲ ಮಾಡ್ರಿ. ಡೀಲರ್ ನಾಕೂವರೆ ಲಕ್ಷ ಹಾಕಿ ಗಾಡಿ ತಂದು ನಿಲ್ಲಿಸಿದ್ರ, ಆ ರೊಕ್ಕಕ್ಕ ತಿಂಗಳಿಗೆ ಒಂದೂವರೆ ಟಕ್ಕೆ ಬಡ್ಡಿ ಹಿಡದ್ರೂ ಏಳು ಸಾವಿರದ ಹತ್ರ ಆಗ್ತೈತಿ. ಮೂರು ತಿಂಗಳ ನಿಂತ್ರ ಇಪ್ಪತ್ತು ಸಾವಿರ ಹೋತು, ಮ್ಯಾಲ ಬ್ಯಾಟ್ರಿ ಡೌನ್, ಟೈರ್ ಒಂದ ಕಡೆ ಚಪ್ಪಟಿ, ಜಾಗಾ ಬ್ಯಾರೆ ತಿಂತೈತಿ. ನಿನ್ನೆ ಬಂದ ಗಾಡಿಗೆ ಅವ ಐದು ಸಾವಿರ ಬಿಡಾಂಗಿಲ್ಲ, ಎಪ್ಪತ್ತು ಎಂಬತ್ತು ದಿನ ದಾಟಿದ್ದಕ್ಕ ಮ್ಯಾನೇಜರ್ ತಾನ ಕುರ್ಚಿ ಎಳದು ಕುಂಡ್ರತಾನ.

ಎಷ್ಟು ದಿನ ಆತು ಅಂತ ಸೇಲ್ಸ್ ಹುಡುಗನ್ನ ಕೇಳಿದ್ರ "ಮೊನ್ನೆ ಬಂದೈತ್ರಿ ಸರ" ಅಂತಾನ, ಅವನ್ನ ಕೇಳಬ್ಯಾಡ್ರಿ, ಗಾಡೀನ್ನ ಕೇಳ್ರಿ. ಬಾನೆಟ್ ಎತ್ರಿ, ಮುಂದಿನ ಗ್ಲಾಸಿನ ಬುಡದಾಗ ವೈಪರ್ ಕೆಳಗ ನೀರು ಇಳಿಯೋ ಸಂದಿ ಇರ್ತೈತಲ್ಲ, ಅಲ್ಲಿ ಕೈ ಹಾಕ್ರಿ. ಹೊರಗ ವಾಶ್ ಮಾಡಿ ಪಾಲಿಶ್ ಹೊಡದಿರ್ತಾರ, ಆ ಸಂದಿ ಮಾತ್ರ ಯಾರೂ ತೊಳಿಯಾಂಗಿಲ್ಲ. ಬೆಳಗಾವ್ಯಾಗ ನಾ ನೋಡಿದ ಸ್ವಿಫ್ಟಿನಾಗ ಮ್ಯಾಲ ಒಣ ಎಲಿ, ಅದರ ಕೆಳಗ ಮಳಿಗೆ ಕೊಳತು ಕರ್ರಗಾದ ಎಲಿ ಒಂದು ಪದರ, ಅದರ ಬುಡಕ್ಕ ಮಣ್ಣು. ಬೆಳಗಾವಿ ಜುಲೈ ಮಳಿ ಎಲ್ಲಾ ಆ ಗಾಡಿ ಒಂದ ಗಿಡದ ಕೆಳಗ ನಿಂತು ತಿಂದೈತಿ ಅಂತ ಅಲ್ಲೇ ಗೊತ್ತಾತು. ಆಮ್ಯಾಲ ಬ್ರೇಕ್ ಡಿಸ್ಕ್ ನೋಡ್ರಿ, ಪ್ಯಾಡ್ ಕುಂತ ಜಾಗಾದಷ್ಟ ಬ್ಯಾರೆ ಬಣ್ಣ, ಉಳಿದದ್ದು ತುಕ್ಕು. ಪಿಯುಸಿ ಯಾವಾಗ ಮುಗದೈತಿ, ಹಳೇ ಲೋನ್ ಇದ್ರ ಅದು ತೀರಿದ್ದಕ್ಕ ಕೊಡೋ ಫಾರ್ಮ್ 35, ಬ್ಯಾಂಕ್ ಎನ್‌ಒಸಿ ಮ್ಯಾಲಿನ ತಾರೀಖು ಯಾವುದು, ಎಲ್ಲಾ ಮೊಬೈಲ್‌ದಾಗ ಫೋಟೋ ಹೊಡಕೋರಿ. ಇದೆಲ್ಲಾಕ್ಕಿಂತ ಮೊದಲ ಆನ್‌ಲೈನ್ ಲಿಸ್ಟಿಂಗ್ ಸ್ಕ್ರೀನ್‌ಶಾಟ್ ವಾರಕ್ಕೊಂದು ತಗದಿಟ್ಟಿರಬೇಕು. ನಂದರಾಗ ಜುಲೈ ಕೊನೀಗೆ 5.49 ಲಕ್ಷ, ಆಗಸ್ಟ್ ನಡುವ 5.35, ಸೆಪ್ಟೆಂಬರ್‌ದಾಗ 5.25. ಫಿಕ್ಸೆಡ್ ಪ್ರೈಸ್ ಅನ್ನೋ ಬೋರ್ಡ್ ಮುಂದ ಕುಂತು ಈ ಮೂರು ಸ್ಕ್ರೀನ್‌ಶಾಟ್ ಸಾಲಾಗಿ ಇಟ್ರ ಎದುರಿನಾಂವ ಏನ್ ಹೇಳಬೇಕು?

ಆ ಬೆಳಗಾವಿ ಗಾಡಿ 2018ರ ಸ್ವಿಫ್ಟ್ ವಿಎಕ್ಸ್‌ಐ, ಪೆಟ್ರೋಲ್, ಕೆಎ-22, ಫಸ್ಟ್ ಓನರ್, ಐವತ್ತೈದು ಸಾವಿರದ ಆಜೂಬಾಜೂ ಓಡಿತ್ತು. ಗಾಡಿ ರೇಟ್ ಕೇಳೋಕ್ಕಿಂತ ಮೊದಲ ನಾ ಕೇಳಿದ್ದು, "ತಮ್ಮಾ, ಎಲ್ಲಾ ಸೇರಿ ಕೀಲಿ ನನ್ನ ಕೈಗೆ ಬರೂದಕ್ಕ ಎಷ್ಟು, ಒಂದು ಹಾಳ್ಯಾಗ ಬರದು ಕೊಡು." ಈ ಹಾಳಿ ಬರೂತನ ಒಂದು ರೂಪಾಯಿನೂ ಕೇಳಬ್ಯಾಡ್ರಿ, ಕಡಿಮಿ ಮಾಡು ಅಂತನೂ ಅನ್ನಬ್ಯಾಡ್ರಿ. ಯಾಕಂದ್ರ ಗಾಡ್ಯಾಗ ಹದಿನೈದು ಬಿಟ್ಟಂಗ ಮಾಡಿ ಇನ್ಶೂರೆನ್ಸ್, ಟ್ರಾನ್ಸ್‌ಫರ್ ಹೆಸರಿನಾಗ ಇಪ್ಪತ್ತು ವಾಪಸ್ ತಗೋತಾರ. ನನಗ ಬರದು ಕೊಟ್ಟಿದ್ದು ಗಾಡಿ 5.25, ಹೊಸಾ ಇನ್ಶೂರೆನ್ಸ್ 17 ಸಾವಿರ, ಆರ್‌ಸಿ ಟ್ರಾನ್ಸ್‌ಫರ್ 8,500, ಹ್ಯಾಂಡ್ಲಿಂಗ್ ಅಂತ ನಾಕೂವರೆ ಸಾವಿರ, ಒಟ್ಟು 5.55 ಲಕ್ಷ.

ಹಳೇ ಪಾಲಿಸಿ ಮಾರ್ಚ್ ತನಕ ಇತ್ತು. ಎನ್‌ಸಿಬಿ, ಅಂದ್ರ ಕ್ಲೇಮ್ ಮಾಡದವರಿಗೆ ಪ್ರೀಮಿಯಂದಾಗ ಸಿಗೋ ರಿಯಾಯ್ತಿ, ಹಳೇ ಮಾಲಕನ ಕೂಡ ಹೋಗ್ತೈತಿ, ನಮಗ ಬರಾಂಗಿಲ್ಲ, ಅದು ಖರೇ. ಆದ್ರ ಅದಕ್ಕಂತ ಹೊಸಾ ಪಾಲಿಸೀನ ಬೇಕಂತಿಲ್ಲ, ಉಳಿದ ತಿಂಗಳಿಂದು ಎನ್‌ಸಿಬಿ ವ್ಯತ್ಯಾಸ ತುಂಬಿ ಅದ ಪಾಲಿಸಿ ನಮ್ಮ ಹೆಸರಿಗೆ ಮಾಡಿಸಬಹುದು, ಮಾರಾಟ ಆಗಿ 14 ದಿನದೊಳಗ ಅರ್ಜಿ ಕೊಡಬೇಕು ಅಷ್ಟ. ನನಗ ಮೂರೂವರೆ ಸಾವಿರದಾಗ ಮುಗೀತು. ಟ್ರಾನ್ಸ್‌ಫರ್‌ಕ್ಕ ಸರ್ಕಾರಿ ಫೀ ನೂರರ ಲೆಕ್ಕದಾಗ ಇರ್ತೈತಿ, ಏಜೆಂಟ್ ಓಡಾಟ ಎಲ್ಲಾ ಹಿಡದ್ರೂ ನಾಕು ಸಾವಿರ. ಹ್ಯಾಂಡ್ಲಿಂಗ್‌ಕ್ಕ ಪೆನ್ನಿಲೆ ಗೀಟು ಹೊಡದೆ. ಒಬ್ಬಾಂವ ಜಿಎಸ್‌ಟಿ ಬ್ಯಾರೆ ಅಂತನೂ ಅಂದ. ಸೆಕೆಂಡ್ ಹ್ಯಾಂಡ್ ಗಾಡಿಗೆ 18 ಟಕ್ಕೆ ಬೀಳೋದು ಡೀಲರ್ ಮಾರ್ಜಿನ್ ಮ್ಯಾಲ, ಪೂರಾ ರೇಟಿನ ಮ್ಯಾಲ ಅಲ್ಲ, ಅದು ಅವ ಹೇಳಿದ ರೇಟಿನಾಗನ ಬಂದಿರ್ತೈತಿ. ಇದನ್ನ ದನಿ ಏರಿಸದ ಹೇಳಿದ್ರ ಸಾಕು, ಈ ಗಿರಾಕಿ ಬ್ಯಾರೆ ಅಂತ ಗೊತ್ತಾಗ್ತೈತಿ. ಹಾಳಿಮ್ಯಾಲಿಂದನ ಇಪ್ಪತ್ತೆರಡು ಸಾವಿರದಷ್ಟು ಹೋತು, ಇನ್ನೂ ಗಾಡಿ ಮಾತಿಗೆ ಬಂದಿಲ್ಲ ನೋಡ್ರಿ.

ಈಗ ಟೈಮಿಂಗ್. 2025ರಾಗ ಪಿತೃಪಕ್ಷ ಸೆಪ್ಟೆಂಬರ್ 21ಕ್ಕ ಮುಗೀತು, 22ಕ್ಕ ಘಟಸ್ಥಾಪನಾ, ಅವತ್ತಿನಿಂದನ ಹೊಸಾ ಗಾಡಿ ಮ್ಯಾಲಿನ ಜಿಎಸ್‌ಟಿ ಇಳೀತು. ಪಕ್ಷದಾಗ ನಮ್ಮ ಕಡೆ ಗಾಡಿ ಮನೀಗೆ ತರೂದಿಲ್ಲ, ಶೋರೂಮ್ ಭಣಭಣ. ಅದರಾಗ 18ನೇ ತಾರೀಖು ಮಾರುತಿ ಹೊಸಾ ರೇಟ್ ಹೇಳಿಬಿಡ್ತು, 6.49 ಇದ್ದ ಬೇಸ್ ಮಾಡೆಲ್ ಸ್ವಿಫ್ಟ್ ಎಕ್ಸ್ ಶೋರೂಮ್ 5.79ಕ್ಕ ಬಂತು. ಹಳೇದಕ್ಕ 5.25 ಹೇಳಾಂವ ಮುಂದ ಹೊಸಾದು 5.79 ನಿಂತ್ರ ಹೆಂಗಾಗಬ್ಯಾಡ? ನಾ ಮರುದಿನ ಹೋದೆ, ಬಾಗಲಕೋಟಿಂದ ಮೂರು ತಾಸಿನ ಹಾದಿ. ಮನಿ ಮಂದೀನ ಕರಕೊಂಡು ಹೋಗಲಿಲ್ಲ, ಹುಡುಗೂರು ಸ್ಟೇರಿಂಗ್ ಹಿಡದು ಕುಂತ್ರ ಅಲ್ಲೇ ರೇಟ್ ಗಟ್ಟಿ ಆಗ್ತೈತಿ.

ಮ್ಯಾನೇಜರ್ "ಬರ್ರಿ ಸರ, ಚಾ ತಗೋರಿ, ನಿಮ್ಮ ಬಜೆಟ್ ಏನೈತಿ?" ಅಂದ್ರು. ಬಜೆಟ್ ಹೇಳಲಿಲ್ಲ. ಹಾಳಿ ಇಟ್ಟೆ, ಸ್ಕ್ರೀನ್‌ಶಾಟ್ ಇಟ್ಟೆ, ಎಲಿ ಫೋಟೋ ಇಟ್ಟೆ. "ಸರ, ಗಾಡಿಗೆ ನಾ ಹೆಸರು ಇಡೂದಿಲ್ಲ, ಗಾಡಿ ಚಲೋ ಐತಿ. ಇದು ನಿಮ್ಮ ಕಡೆ ಎರಡೂವರೆ ತಿಂಗಳಿಂದ ಐತಿ. ಎಲ್ಲಾ ಸೇರಿ 4.74, ಇವತ್ತ ಟೋಕನ್, ಡೆಲಿವರಿ ಖಂಡೇನವಮಿ ಒಳಗ" ಅಂದು ಸುಮ್ಮನ ಕುಂತೆ. ಈ ಸುಮ್ಮನ ಕುಂಡ್ರೂದು ಭಾಳ ಕಠಿಣ ರೀ, ಮೈ ಕೈ ಎಲ್ಲಾ ಏನಾರ ಮಾತಾಡು ಅಂತೈತಿ, ಆದ್ರ ಮೊದಲ ಬಾಯಿ ಬಿಟ್ಟಾಂವ ರೊಕ್ಕ ಬಿಟ್ಟಂಗ. ಅವ್ರು ಕ್ಯಾಲ್ಕುಲೇಟರ್ ಒತ್ತಿದ್ರು, ಒಳಗ ಹೋಗಿ ಬಂದ್ರು, "5.15 ಲಾಸ್ಟ್" ಅಂದ್ರು. ನಾ ನಂಬರ್ ಬರದ ಚೀಟಿ ಟೇಬಲ್ ಮ್ಯಾಲ ಬಿಟ್ಟು ಎದ್ದು ಬಂದೆ. ಯರಗಟ್ಟಿ ದಾಟೂದ್ರಾಗ ಫೋನ್ ಬಂತು, ಐದು ಲಕ್ಷಕ್ಕ ಬರ್ರಿ ಅಂತ. ರಾತ್ರಿ ಇನ್ನೊಮ್ಮೆ ಬಂತು. 4.90ಕ್ಕ ಮುಗೀತು, ಎಲ್ಲಾ ಸೇರಿ. ಅಂದ್ರ 65 ಸಾವಿರ.

ಆ 4.74 ಎಲ್ಲಿಂದ ಬಂತು ಅಂತ ನಮ್ಮ ಗೆಳ್ಯಾರು ಇನ್ನೂ ಕೇಳ್ತಾರ. ಡೀಲರ್ ಖರೀದಿ ಎಷ್ಟಕ್ಕ ಮಾಡ್ಯಾನ ಅಂತ ಅಂದಾಜು ಹಿಡಿಯೋ ಒಂದು ಹಾದಿ ಐತಿ, ಅದನ್ನ ಇಲ್ಲಿ ಬರ್ಯಾಂಗಿಲ್ಲ, ಎಲ್ಲಾರಿಗೂ ಗೊತ್ತಾದ್ರ ಬಂದ್ ಆಗ್ತೈತಿ.

ಕ್ಯಾಶ್ ಮಾತು ಈಗ ಕೇಳ್ರಿ. ಲೋನ್ ಮಾಡಿಸಿದ್ರ ಫೈನಾನ್ಸ್ ಕಂಪನಿಯಿಂದ ಡೀಲರ್‌ಗೆ ಕಮಿಷನ್ ಬರ್ತೈತಿ, ಇನ್ಶೂರೆನ್ಸಿನಾಗೂ ಬರ್ತೈತಿ. ಬಾಗಲದಾಗನ ಕ್ಯಾಶ್ ಅಂದ್ರ ಆ ಎರಡು ಆಸೆ ಸತ್ತು ಹೋಗ್ತಾವ, ಆ ಕಮಿಷನ್ನೂ ಗಾಡಿ ರೇಟಿನಾಗನ ತಗಿಯಾಕ ನೋಡತಾನ. ಅದಕ್ಕ ನಾ "ನಿಮ್ಮ ಲೋನ್ ರೇಟ್ ಹೇಳ್ರಿ, ಕೇಳಿ ನೋಡೂಣಂತ" ಅಂದೆ, ಖರೇನ ಕೇಳಿದೆ, 13, 14 ಟಕ್ಕೆ ಅಂದ್ರು. ರೇಟ್ ಬರವಣಿಗಿ ಆದ ಮ್ಯಾಲ ನಮ್ಮೂರ ಪತ್ತಿನ ಸಂಘದಾಗ ಬಂಗಾರ ಇಟ್ಟು ತಗದದ್ದು ಅಗ್ಗ ಬಿತ್ತು, ಅದನ್ನ ತುಂಬಿದೆ.

ನಡುವ ಇನ್ನೆರಡು ಪ್ರಯೋಗನೂ ಮಾಡೀನಿ. ಕೊಲ್ಹಾಪುರ ಕಡೆ ಎಂಎಚ್-09 ಗಾಡಿ ಮೂವತ್ತು ನಾಲವತ್ತು ಸಾವಿರ ಅಗ್ಗ ಕಾಣತಾವ, ನಿಪ್ಪಾಣಿ ದಾಟಿ ಹೋಗಿ ನೋಡೇ ಬಂದೆ. ಅಲ್ಲಿನ ಆರ್‌ಟಿಒದಿಂದ ಫಾರ್ಮ್ 28 ಎನ್‌ಒಸಿ, ಇಲ್ಲಿ ಮತ್ತ ಲೈಫ್ ಟ್ಯಾಕ್ಸ್, ಹೊಸಾ ನಂಬರ್, ಅಲ್ಲಿ ತುಂಬಿದ ಟ್ಯಾಕ್ಸ್ ರೀಫಂಡ್‌ಕ್ಕ ಓಡಾಟ, ಲೆಕ್ಕಾ ಹಾಕಿದ್ರ ಉಳದದ್ದೆಲ್ಲಾ ಅಲ್ಲೇ ಕರಗತೈತಿ, ದೊಡ್ಡ ಗಾಡಿ ಇದ್ರಂತೂ ಲುಕ್ಸಾನ. ಇನ್ನೊಂದು ನಮ್ಮ ಹಳೇ ಆಲ್ಟೋದು. ಎಕ್ಸ್‌ಚೇಂಜ್‌ಕ್ಕ 90 ಸಾವಿರ ಅಂದ್ರು, ಬೋನಸ್ ಹತ್ತು ಅಂತ ಆಸೆ ಹಚ್ಚಿದ್ರು. ಎಕ್ಸ್‌ಚೇಂಜ್ ಮಾತು ಅಲ್ಲೇ ನಿಲ್ಲಿಸಿ ನವನಗರದಾಗ ಒಬ್ಬ ಮಾಸ್ತರಿಗೆ 1.22ಕ್ಕ ಕೊಟ್ಟೆ. ಎರಡು ವ್ಯವಹಾರ ಒಂದ ಟೇಬಲ್ ಮ್ಯಾಲ ಬಂದ್ರ ಯಾವುದರಾಗ ಎಷ್ಟು ಹೋತು ಅಂತ ಪತ್ತೆ ಹತ್ತೂದ ಇಲ್ಲ.

ಇನ್ನ ವಿಜಯಪುರದ್ದು. ಇದರಾಗ ಜಿಎಸ್‌ಟಿ ಇಲ್ಲ, ಪಕ್ಷ ಇಲ್ಲ, ಮ್ಯಾಲ ಸಂಕ್ರಾಂತಿ ಆಗಿ ಕಬ್ಬಿನ ಬಿಲ್ಲು ಬರಾಕತ್ತಿದ್ದು, ಮಂದಿ ಕೈಯಾಗ ರೊಕ್ಕ. ಇಂಥಾ ಟೈಮಿನಾಗ ಆ ಕಡೆ ಡೀಲರ್‌ಗಳು ಭಾಳ ಬಿಗಿ. ಮಾವಾರು "ನೀವು ಸುಮ್ಮನಿರ್ರಿ ಅಳಿಯಂದ್ರ, ಐದು ಸಾವಿರ ಬಿಟ್ರ ಸಾಕು" ಅಂದ್ರು. ಅಲ್ಲಿ ಹೊಸಾ ಮಾಲು ಕೇಳಲಿಲ್ಲ ನಾ, ಹಿಂದಿನ ಸಾಲಿನಾಗ ಗ್ವಾಡಿಗೆ ಹತ್ತಿ ನಿಂತ 2017ರ ಗ್ರ್ಯಾಂಡ್ ಐ10 ಕೇಳಿದೆ. ಕೀಲಿ ಹುಡುಕಾಕ ಹೊತ್ತು ಹೋತು, ಸ್ಟಾರ್ಟ್ ಮಾಡಾಕ ಬ್ಯಾರೆ ಗಾಡಿ ಬ್ಯಾಟ್ರಿಯಿಂದ ವೈರ್ ಹಚ್ಚಿದ್ರು. ಮಾವಾರ ಕಡೆ ನೋಡಿ ಕಣ್ಣಾಗನ ಹೇಳಿದೆ, ಆತು ಅಂತ. ಡಿಸೆಂಬರ್ ದಾಟಿ ಗಾಡಿ ವಯಸ್ಸು ಇನ್ನೊಂದು ವರ್ಷ ಏರಿತ್ತು, ಅದನ್ನೂ ಮಾತಿನಾಗ ತಂದೆ. ಹೇಳಿದ್ದು 3.95, ಹಾಳಿ ಲೆಕ್ಕದಾಗ 4.17 ಆಗಿತ್ತು, ಕೀಲಿ ಕೈಗೆ ಬಂದಿದ್ದು 3.74ಕ್ಕ. ಜೋಡಿ ಹೊಸಾ ಬ್ಯಾಟ್ರಿ ಹಾಕಿಸಿಕೊಂಡೆ. ಹತ್ತು ಸಾವಿರ ಮಾತ್ರ ಆರ್‌ಸಿ ಮಾವಾರ ಹೆಸರಿಗೆ ಆಗೂತನ ಹಿಡದಿಟ್ಟೆ, ಇದನ್ನ ರಸೀದಿ ಮ್ಯಾಲ ಬರಸಬೇಕು, ಬಾಯಿ ಮಾತು ನಡ್ಯಾಂಗಿಲ್ಲ. ಹಿಡದಿಟ್ಟ ಕಡೆ ಆರ್‌ಸಿ ಲಗೂ ಬರ್ತೈತಿ.

2026ರಾಗ ಅಧಿಕ ಜ್ಯೇಷ್ಠ ಐತಿ, ಮೇ 17ರಿಂದ ಜೂನ್ 15. ಆ ತಿಂಗಳ ಪೂರಾ ಪಕ್ಷದ ಹಂಗ ಶೋರೂಮ್ ಖಾಲಿ ಇರ್ತಾವ. ತಗೊಳ್ಳೋ ವಿಚಾರ ಇದ್ದವ್ರು ಮಾರ್ಚ್‌ದಿಂದನ ಲಿಸ್ಟಿಂಗ್ ಸ್ಕ್ರೀನ್‌ಶಾಟ್ ತಗದಿಡ್ರಿ, ಟೋಕನ್ ಅಧಿಕದಾಗ ಕೊಡ್ರಿ, ಗಾಡಿ ನಿಜ ಜ್ಯೇಷ್ಠದಾಗ ಮನೀಗೆ ತರ್ರಿ.